ಬಾರಾಟಾಂಗ್ ಡೇ ಟ್ರಿಪ್ ರಿವ್ಯೂ: ಗುಹೆಗೆ ಮೂರು ಸ್ಟಾರ್, ಡ್ರೈವರ್‌ಗೆ ಐದು, ಏಜೆಂಟ್‌ಗೆ ಒಂದು ಕೊಡೋದೂ ದಂಡ

ಅಂಡಮಾನ್ ಪ್ಲಾನ್ ಮಾಡೋರೆಲ್ಲ ಹ್ಯಾವ್‌ಲಾಕ್, ನೀಲ್ ಎರಡೂ ಫಿಕ್ಸ್ ಆದ್ಮೇಲೆ ಕೇಳೋದು ಇದನ್ನೇ, ಸುಣ್ಣದಕಲ್ಲಿನ ಗುಹೆ ಇರೋ ಬಾರಾಟಾಂಗ್ ದ್ವೀಪಕ್ಕೆ ಒಂದು ದಿನ ಕೊಡ್ಬೇಕಾ ಬೇಡ್ವಾ ಅಂತ. ಶಾರ್ಟಾಗಿ ಹೇಳೋದಾದ್ರೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು ಬಿಟ್ಬಿಡಿ, ಮ್ಯಾಂಗ್ರೋವ್ ಬೋಟ್ ರೈಡ್ ಇಷ್ಟ ಇರೋರು ಹೋಗ್ಬಹುದು, ದಾರೀಲಿ ಸಿಗೋ ಕಾಡಲ್ಲಿರೋ ಜರಾವಾ ಬುಡಕಟ್ಟಿನ ಜನರನ್ನ ನೋಡ್ಬೇಕು ಅಂತ ಹೋಗೋರು ದಯವಿಟ್ಟು ಮನೇಲೇ ಇರಿ. ಇನ್ನು ಉದ್ದದ್ದು ಓದೋ ತಾಳ್ಮೆ ಇರೋರಿಗೆ ಕೆಳಗಡೆ.

ನಾವು ಬೆಂಗಳೂರಲ್ಲೇ ಒಬ್ಬ ಏಜೆಂಟ್ ಹತ್ರ ಪೂರ್ತಿ ಪ್ಯಾಕೇಜ್ ತಗೊಂಡಿದ್ವಿ, ಹೆಸರು ಬೇಡ. ಹೋಟೆಲ್, ಕ್ರೂಸ್ ಟಿಕೆಟ್ ಎಲ್ಲ ನೀಟಾಗಿ ಮಾಡಿದ್ರು, ಅದ್ರಲ್ಲಿ ಕಂಪ್ಲೇಂಟ್ ಇಲ್ಲ. ಬಾರಾಟಾಂಗ್ ವಿಷಯ ಬಂದಾಗ ಮಾತ್ರ ಆ ಮನುಷ್ಯ ಫೋನಲ್ಲಿ ಗುಹೆ ಬಗ್ಗೆ ಒಂದು ನಿಮಿಷ ಮಾತಾಡಿ ಆಮೇಲೆ ದನಿ ಸ್ವಲ್ಪ ತಗ್ಗಿಸಿ "ಸರ್ ಫಸ್ಟ್ ಕಾನ್ವಾಯ್‌ಗೇ ಹಾಕ್ತೀನಿ, ಜರಾವಾ ಸೈಟಿಂಗ್ ಚಾನ್ಸ್ ಅದ್ರಲ್ಲೇ ಜಾಸ್ತಿ, ಗ್ಯಾರಂಟಿ ಅಂತ ಹೇಳಕ್ಕಾಗಲ್ಲ, ನಿಮ್ ಲಕ್ಕು" ಅಂದ. ಕಬಿನಿಲಿ ಹುಲಿ ಬಗ್ಗೆ ಜೀಪಿನವರು ಹೇಳ್ತಾರಲ್ಲ, ಡಿಟ್ಟೋ ಅದೇ ಟೋನು. ನನ್ ಹೆಂಡ್ತಿ ಪಕ್ಕದಲ್ಲಿ ಕೂತು ಕೇಳಿಸ್ಕೊಂಡು "ಮನುಷ್ಯರ ಬಗ್ಗೆ ಮಾತಾಡ್ತಿದಾನಾ ಇವ್ನು" ಅಂದ್ಲು. ಈ ಆಸೆ ಕಾನೂನು ಪ್ರಕಾರ ತೋರಿಸೋ ಹಾಗೇ ಇಲ್ಲ, ಬ್ರೋಷರ್‌ನಲ್ಲಿ ಎಲ್ಲೂ ಪ್ರಿಂಟ್ ಆಗಿರಲ್ಲ, ಬಾಯಲ್ಲಿ ಮಾತ್ರ ಓಡಾಡತ್ತೆ.

ಟ್ರಿಪ್ ಹೇಗಿರತ್ತೆ ಅಂದ್ರೆ, ಪೋರ್ಟ್ ಬ್ಲೇರ್‌ನಿಂದ (ಈಗ ಶ್ರೀ ವಿಜಯ ಪುರಂ ಅಂತ ಹೆಸರು ಬದಲಾಗಿದೆ, 2024ರಲ್ಲಿ, ಆದ್ರೆ ಅಲ್ಲಿ ಡ್ರೈವರ್‌ಗಳ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರೇ) ರಾತ್ರಿ ಮೂರು ಗಂಟೆ ಹೊತ್ತಿಗೇ ಎಬ್ಬಿಸ್ತಾರೆ. ಜಿರ್ಕಾಟಾಂಗ್ ಅನ್ನೋ ಚೆಕ್‌ಪೋಸ್ಟ್‌ಗೆ ಹೋಗಿ ಗಾಡಿಗಳ ಸಾಲಲ್ಲಿ ನಿಂತ್ಕೋಬೇಕು, ಫಾರಂ ತುಂಬಬೇಕು, ಎಲ್ಲರ ಐಡಿ ಕೊಡ್ಬೇಕು. ಅಲ್ಲಿಂದ ಮುಂದೆ ಸುಮಾರು 50 ಕಿಮೀ ಜರಾವಾ ರಿಸರ್ವ್ (ಅವರಿಗೇ ಮೀಸಲಿಟ್ಟಿರೋ ಕಾಡು) ಒಳಗಡೆ ರೋಡು. ಒಂಟಿ ಗಾಡಿ ಬಿಡಲ್ಲ, ಎಲ್ಲ ಗಾಡಿನೂ ಸೇರಿಸಿ ಪೊಲೀಸ್ ಜೊತೆ ಕಾನ್ವಾಯ್ ಮಾಡಿ ಬೆಳಗ್ಗೆ 6ಕ್ಕೆ ಮೊದಲನೇದು ಬಿಡ್ತಾರೆ. ಗಂಟೆಗೆ 40 ಕಿಮೀ ಮೇಲೆ ಹೋಗಂಗಿಲ್ಲ, ಓವರ್‌ಟೇಕ್ ಇಲ್ಲ, ನಿಲ್ಸಂಗಿಲ್ಲ, ಫೋಟೋ ವಿಡಿಯೋ ಇಲ್ಲ, ಯಾರಿಗೂ ಏನೂ ಕೊಡಂಗಿಲ್ಲ. ಆಮೇಲೆ ಮಿಡಲ್ ಸ್ಟ್ರೇಟ್ ಜೆಟ್ಟಿ, ಬಸ್ಸು ಲಾರಿ ಎಲ್ಲಾನೂ ಹೊತ್ಕೊಂಡು ಹೋಗೋ ದೊಡ್ಡ ಬೋಟಲ್ಲಿ ಆಚೆ ದಡ, ಅಲ್ಲಿಂದ ಸ್ಪೀಡ್ ಬೋಟ್, ಆಮೇಲೆ ನಡಿಗೆ, ಆಮೇಲೆ ಗುಹೆ.

ಈಗ ಡ್ರೈವರ್ ವಿಷಯ, ಐದು ಸ್ಟಾರ್ ಯಾಕೆ ಅಂತ. ಹುಟ್ಟಿ ಬೆಳೆದಿದ್ದು ಅಂಡಮಾನ್‌ನಲ್ಲೇ, ಅಜ್ಜನ ಕಾಲದಲ್ಲಿ ತಮಿಳುನಾಡಿಂದ ಬಂದೋರಂತೆ, ಹಿಂದಿ ತಮಿಳು ಎರಡೂ ನೀರು ಕುಡ್ದಂಗೆ. ಜಿರ್ಕಾಟಾಂಗ್‌ನಲ್ಲಿ ಟೀ ಅಂಗಡಿ ಇದಾವೆ, ಬಿಸಿ ವಡೆ ಪರವಾಗಿಲ್ಲ ಚೆನ್ನಾಗೇ ಇತ್ತು. ನಮ್ ಟಿಟಿಲಿದ್ದ (ಟೆಂಪೋ ಟ್ರಾವೆಲರ್) ಇನ್ನೊಂದು ಫ್ಯಾಮಿಲಿಯ ಅಂಕಲ್ ಒಬ್ರು ಅಲ್ಲಿ ಒಂದು ಕವರ್ ತುಂಬ ಬಿಸ್ಕೆಟ್ ಪ್ಯಾಕೆಟ್ ತಗೊಂಡ್ರು. ಡ್ರೈವರ್ ಏನೂ ಮಾತಾಡ್ದೆ ಕವರ್ ಈಸ್ಕೊಂಡು ಹಿಂದೆ ಡಿಕ್ಕಿಗೆ ಹಾಕಿ ಲಾಕ್ ಮಾಡ್ದ. ಆಮೇಲೆ ಎಲ್ಲರ ಫೋನೂ ಬ್ಯಾಗ್ ಒಳಗೆ ಹೋಗ್ಬೇಕು, ಗ್ಲಾಸ್ ಏರಿಸ್ಬೇಕು ಅಂದ. ಅಂಕಲ್ ಸ್ವಲ್ಪ ಗರಂ ಆಗಿ "ಮಕ್ಕಳಿಗೆ ಅಂತ ತಗೊಂಡಿದ್ದು ರೀ" ಅಂದ್ರೆ "ಯಾವ ಮಕ್ಕಳಿಗೆ ಸಾರ್, ಗಾಡಿ ಸೀಜ್ ಆದ್ರೆ ನನ್ ಮಕ್ಕಳಿಗೆ ಬಿಸ್ಕೆಟ್ ಇಲ್ಲ" ಅಂತ ನಗ್ತಾನೇ ಹೇಳ್ದ. ಕೇಸ್ ಆದ್ರೆ ಜೈಲು, ಪರ್ಮಿಟ್ ಹೋಗತ್ತೆ, ಅಷ್ಟೇ ಅವನ ಲೆಕ್ಕ, ದೊಡ್ಡ ದೊಡ್ಡ ಮಾತೇನೂ ಆಡಲಿಲ್ಲ. ಕಾಡೊಳಗೆ ಪೂರ್ತಿ ದಾರಿ ಒಂದೇ ಸ್ಪೀಡು, ಬ್ರೇಕ್ ಮೇಲೆ ಕಾಲಿಟ್ಟಿದ್ದು ತಿರುವುಗಳಲ್ಲಿ ಮಾತ್ರ. ಈ ಒಂದು ಸರ್ವೀಸ್‌ನಲ್ಲಿ ಏನೂ ತೋರಿಸದೇ ಇರೋನೇ ಒಳ್ಳೆ ಡ್ರೈವರ್ರು, ರೇಟಿಂಗ್ ಕೊಡೋವಾಗ ಉಲ್ಟಾ ಲೆಕ್ಕ ಹಾಕ್ಬೇಕು.

ದಾರೀಲಿ ಯಾರಾದ್ರೂ ಕಂಡ್ರಾ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ನಾನು ಇಲ್ಲಿ ಬರೆಯಲ್ಲ. ಹಾಗೆ ಬರೆದಿರೋ ರಿವ್ಯೂಗಳು ಬೇಕಾದಷ್ಟಿವೆ, "ವಿ ವರ್ ಲಕ್ಕಿ" ಅಂತ, ಆ ಏಜೆಂಟ್‌ನ ಮಾರ್ಕೆಟಿಂಗ್ ನಡೀತಿರೋದೇ ಅವುಗಳಿಂದ.

ಇಷ್ಟೊಂದು ಸ್ಟ್ರಿಕ್ಟ್ ಯಾಕೆ ಅನ್ನೋರಿಗೆ ಈ ರೋಡಿನ ಕಥೆ ಗೊತ್ತಿರ್ಬೇಕು. ಅಂಡಮಾನ್ ಟ್ರಂಕ್ ರೋಡ್ ಅಂತ ಇದ್ರ ಹೆಸ್ರು, 70ರ ದಶಕದಲ್ಲಿ ಕಾಡು ಕಡ್ಯಕ್ಕೆ ಶುರು ಮಾಡಿದಾಗ ಜರಾವಾಗಳು ಬಾಣ ಬಿಟ್ಟು ವಿರೋಧ ಮಾಡಿದ್ರು, ಆದ್ರೂ ಕೆಲಸ ನಿಲ್ಲಲಿಲ್ಲ, 1989ರಲ್ಲಿ ರೋಡ್ ಓಪನ್ ಆಯ್ತು. ಆಗಿನವರೆಗೂ ಜರಾವಾ ಅಂದ್ರೆ ಊರೋರಿಗೆ ಭಯ. 1996ರಲ್ಲಿ ಎನ್ಮೇ ಅನ್ನೋ ಜರಾವಾ ಹುಡುಗ ಕಾಲು ಮುರ್ಕೊಂಡು ಕದಂತಲಾ ಕಡೆ ಊರೋರ ಕೈಗೆ ಸಿಕ್ಕಿದ, ಪೋರ್ಟ್ ಬ್ಲೇರ್ ಆಸ್ಪತ್ರೆಗೆ ಸೇರಿಸಿ ತಿಂಗಳುಗಟ್ಲೆ ನೋಡ್ಕೊಂಡು ವಾಪಸ್ ಬಿಟ್ರು. ಮಾರನೇ ವರ್ಷ ಅಕ್ಟೋಬರ್‌ನಲ್ಲಿ ಅವರೇ ಗುಂಪಾಗಿ ಬಿಲ್ಲು ಬಾಣ ಇಲ್ದೆ ಊರಿನ ಹತ್ರ ಬಂದ್ರು. ಅಲ್ಲಿಗೆ ಕಥೆ ಸುಖಾಂತ್ಯ ಅನ್ಕೊಂಡ್ರೆ 1999ರಲ್ಲಿ ದಡಾರ ಬಂತು, 2006ರಲ್ಲಿ ಇನ್ನೊಂದ್ಸಲ ಬಂತು. ನಮಗೆ ದಡಾರ ಅಂದ್ರೆ ಅಮ್ಮ ಬಂದಿದೆ ಅಂತ ಬೇವಿನಸೊಪ್ಪು ಹಾಕಿ ಮಲಗ್ಸೋ ಕಾಯ್ಲೆ, ತಲೆಮಾರುಗಳಿಂದ ಆ ಕಾಯಿಲೆ ಮುಖಾನೇ ನೋಡದೇ ಇರೋ ಮೈಗೆ ಅದು ಬೇರೆ ತರ ಬರತ್ತೆ. 2011ರ ಜನಗಣತಿಲಿ ಜರಾವಾಗಳು ಒಟ್ಟು 380 ಜನ. ನಮ್ ಅಪಾರ್ಟ್‌ಮೆಂಟ್‌ನಲ್ಲಿ ಅದಕ್ಕಿಂತ ಜಾಸ್ತಿ ಜನ ಇದೀವಿ.

ಸುಪ್ರೀಂ ಕೋರ್ಟ್ 2002ರಲ್ಲೇ ರಿಸರ್ವ್ ಒಳಗಿನ ರೋಡ್ ಮುಚ್ಚಿ ಅಂತ ಆರ್ಡರ್ ಮಾಡಿತ್ತು, ಮುಚ್ಚಲಿಲ್ಲ. ಉತ್ತರದ ಊರುಗಳಾದ ರಂಗತ್, ಮಾಯಾಬಂದರ್, ಡಿಗ್ಲಿಪುರದವರಿಗೆ ಆಸ್ಪತ್ರೆ ಕಾಲೇಜು ಆಫೀಸು ಎಲ್ಲಕ್ಕೂ ಇದೇ ದಾರಿ, ಆ ವಾದ ನನಗೂ ಅರ್ಥ ಆಗತ್ತೆ. ಆದ್ರೆ ಆ ಸಾಲಲ್ಲಿ ನಿಂತಿದ್ದ ಟಿಟಿಗಳಲ್ಲಿ ಇದ್ದಿದ್ದು ನಮ್ಮಂತ ಟೂರಿಸ್ಟುಗಳು, ನಮಗೇನು ಡಿಗ್ಲಿಪುರದಲ್ಲಿ ಆಪರೇಷನ್ ಇತ್ತಾ. 2012ರಲ್ಲಿ ಬ್ರಿಟನ್ನಿನ ಪೇಪರೊಂದು ಒಂದು ವಿಡಿಯೋ ಹೊರಗೆ ಹಾಕ್ತು, ತಿಂಡಿ ಆಸೆ ತೋರ್ಸಿ ಜರಾವಾ ಹೆಣ್ಮಕ್ಕಳ ಹತ್ರ ಡಾನ್ಸ್ ಮಾಡಿಸ್ತಿರೋದು, ದೇಶ ಪೂರ್ತಿ ಗಲಾಟೆ ಆಯ್ತು. 2013ರ ಜನವರಿಲಿ ಕೋರ್ಟ್ ಟೂರಿಸ್ಟ್ ಗಾಡಿಗಳನ್ನ ನಿಲ್ಲಿಸ್ತು, ಮಾರ್ಚ್‌ನಲ್ಲಿ ಮತ್ತೆ ಶುರು. ಈಗಿರೋ ಈ ಫಾರಂ, ಫೋನ್ ಒಳಗಿಡಿ ಅನ್ನೋ ಗದರಿಕೆ ಎಲ್ಲ ಬಿಗಿಯಾಗಿದ್ದು ಆ ಗಲಾಟೆ ಆದ್ಮೇಲೆ.

ಇನ್ನೊಂದು ತಮಾಷೆ ಕೇಳಿ, ಬೋಟ್ ಕಾಯೋವಾಗ ಅದೇ ಅಂಕಲ್‌ನ ಮಗ, ಕಾಲೇಜ್ ಹುಡುಗ, ಡ್ರೈವರ್ ಹತ್ರ ಸೆಂಟಿನೆಲ್ ದ್ವೀಪನ ದೂರದಿಂದ ತೋರ್ಸೋ ಬೋಟ್ ಟ್ರಿಪ್ ಇದೆಯಾ ಅಂತ ಕೇಳ್ದ. ಡ್ರೈವರ್ ಕೈ ಮುಗ್ದ. ಹೊರಗಿನೋರನ್ನ ಹತ್ರಕ್ಕೇ ಸೇರಿಸದ ಸೆಂಟಿನೆಲಿ ಜನ ಇರೋ ಈ ನಾರ್ತ್ ಸೆಂಟಿನೆಲ್ ಪೋರ್ಟ್ ಬ್ಲೇರ್‌ನಿಂದ ಪಶ್ಚಿಮಕ್ಕೆ ಸುಮಾರು 50 ಕಿಮೀ ಅಷ್ಟೇ, 5 ನಾಟಿಕಲ್ ಮೈಲಿ ಒಳಗೆ ಯಾರೂ ಹೋಗಂಗಿಲ್ಲ. ಆದ್ರೂ ಹೋಗೋರು ಹೋಗ್ತಾನೇ ಇದಾರೆ. 2018ರ ನವೆಂಬರ್‌ನಲ್ಲಿ ಜಾನ್ ಅಲೆನ್ ಚೌ ಅನ್ನೋ ಅಮೆರಿಕದ ಹುಡುಗ ಧರ್ಮ ಪ್ರಚಾರ ಮಾಡ್ತೀನಿ ಅಂತ ಮೀನುಗಾರರಿಗೆ ದುಡ್ಡು ಕೊಟ್ಟು ಹೋದ, ಮೊದಲ ದಿನ ಹೋದಾಗ ಅವರು ಬಿಟ್ಟ ಬಾಣ ಕೈಲಿದ್ದ ಬೈಬಲ್‌ಗೆ ತಾಗಿ ಬಚಾವಾದ, ಅದೇ ವಾರ್ನಿಂಗ್ ಅಂತ ತಿಳ್ಕೊಂಡು ಬರೋದು ಬಿಟ್ಟು ಮತ್ತೆ ಹೋಗಿ ಸತ್ತ, ಹೆಣಾನೂ ತರಕ್ಕಾಗಲಿಲ್ಲ, ಕರ್ಕೊಂಡು ಹೋದ ಮೀನುಗಾರರು ಅರೆಸ್ಟ್ ಆದ್ರು. 2025ರ ಮಾರ್ಚ್‌ನಲ್ಲಿ ಇನ್ನೊಬ್ಬ, 24 ವರ್ಷದ ಅಮೆರಿಕದ ಯೂಟ್ಯೂಬರ್ರು, ಗಾಳಿ ತುಂಬೋ ಬೋಟಿಗೆ ಮೋಟರ್ ಕಟ್ಕೊಂಡು ಹೋಗಿ ದಡದಲ್ಲಿ ಒಂದು ಡಯಟ್ ಕೋಕ್ ಕ್ಯಾನು, ಒಂದು ತೆಂಗಿನಕಾಯಿ ಇಟ್ಟು, ಮರಳು ತುಂಬ್ಕೊಂಡು, ವಿಡಿಯೋ ಮಾಡ್ಕೊಂಡು ಬಂದ. ಡಯಟ್ ಕೋಕ್! ಸಕ್ಕರೆ ಕಾಯ್ಲೆ ಬರ್ಬಾರ್ದು ಅಂತ ಕಾಳಜಿ ಇರ್ಬೇಕು. ಪೊಲೀಸ್ರು ಎತ್ತಾಕೊಂಡು ಹೋದ್ರು.

ಅವರು ಯಾಕಪ್ಪ ಹಿಂಗೆ ಬಾಣ ಬಿಡ್ತಾರೆ ಅಂತ ಹುಡುಗ ಕೇಳಿದ್ದಕ್ಕೆ ಡ್ರೈವರ್ ಭುಜ ಕುಣಿಸ್ದ ಅಷ್ಟೇ. ನಾನು ಹೇಳೋದಾದ್ರೆ 1880ಕ್ಕೆ ಹೋಗ್ಬೇಕು. ಪೋರ್ಟ್‌ಮನ್ ಅನ್ನೋ ಬ್ರಿಟಿಷ್ ಅಧಿಕಾರಿ ಆ ದ್ವೀಪಕ್ಕೆ ಪಡೆ ಕಟ್ಕೊಂಡು ಹೋಗಿ ಒಬ್ಬ ಮುದುಕ, ಒಬ್ಬ ಮುದುಕಿ, ನಾಲ್ಕು ಮಕ್ಕಳನ್ನ ಹಿಡ್ಕೊಂಡು ಪೋರ್ಟ್ ಬ್ಲೇರ್‌ಗೆ ತಂದ. ಬಂದ ತಕ್ಷಣ ಎಲ್ಲರಿಗೂ ಕಾಯಿಲೆ ಬಿತ್ತು, ಮುದುಕರಿಬ್ರೂ ತೀರ್ಕೊಂಡ್ರು, ಮಕ್ಕಳ ಕೈಗೆ ಉಡುಗೊರೆ ಕೊಟ್ಟು ವಾಪಸ್ ಬಿಟ್ಟು ಬಂದ್ರು. ಆ ಮಕ್ಕಳು ಏನು ಕಾಯಿಲೆ ತಗೊಂಡು ಹೋದ್ರೋ, ಏನು ಕಥೆ ಹೇಳಿದ್ರೋ. ಆಮೇಲೆ ನಮ್ ಸರ್ಕಾರದವರೂ 1967ರಿಂದ ಬೋಟಲ್ಲಿ ತೆಂಗಿನಕಾಯಿ ತುಂಬ್ಕೊಂಡು ಹೋಗ್ತಿದ್ರು, 1991ರ ಜನವರಿಲಿ ಮಾನವಶಾಸ್ತ್ರಜ್ಞೆ ಮಧುಮಾಲಾ ಚಟ್ಟೋಪಾಧ್ಯಾಯ ಇದ್ದ ತಂಡದ ಹತ್ರ ಸೆಂಟಿನೆಲಿಗಳು ನೀರಿಗಿಳಿದು ಬಂದು ಕಾಯಿ ತಗೊಂಡಿದ್ರು, ಜಗಳ ಇಲ್ದೆ. ಅಷ್ಟು ಆಗಿದ್ರೂ 90ರ ದಶಕದ ಮಧ್ಯದಲ್ಲಿ ಸರ್ಕಾರವೇ ಆ ಟ್ರಿಪ್ ನಿಲ್ಲಿಸ್ತು. ನನ್ ಪ್ರಕಾರ ಸರ್ಕಾರ ಒಂದು ಕೆಲಸನ ಅರ್ಧಕ್ಕೆ ಬಿಟ್ಟು ಸರಿ ಮಾಡಿದ ಅಪರೂಪದ ಕೇಸು ಇದು.

ಅಂಕಲ್‌ಗೆ ಇದ್ಯಾವುದೂ ಒಪ್ಪಿಗೆ ಇಲ್ಲ, "ಹಾಗಂತ ಅವರನ್ನ ಕಾಡಲ್ಲೇ ಬಿಡೋದು ಸರೀನಾ, ಸ್ಕೂಲು ಬಟ್ಟೆ ಔಷಧಿ ಬೇಡ್ವಾ ಪಾಪ" ಅಂತ. ಕೆಟ್ಟ ಮನಸ್ಸಿಂದ ಕೇಳಿದ್ದಲ್ಲ, ತುಂಬಾ ಜನ ಕೇಳೋದೇ ಇದು. ಇದಕ್ಕೆ ಉತ್ತರ ಅದೇ ಅಂಡಮಾನ್‌ನಲ್ಲೇ ಇದೆ, ಗ್ರೇಟ್ ಅಂಡಮಾನೀಸ್ ಅನ್ನೋ ಜನ. ಬ್ರಿಟಿಷರು 1858ರಲ್ಲಿ ಬಂದು ಕಾಲೋನಿ ಮಾಡಿದಾಗ ಇವರು ಸಾವಿರಗಟ್ಲೆ ಇದ್ರು, ನಾಗರಿಕರನ್ನ ಮಾಡ್ತೀವಿ ಅಂತ ಅಂಡಮಾನ್ ಹೋಮ್ ಅಂತ ಕಟ್ಟಿ ಅಲ್ಲಿ ತಂದಿಟ್ರು, ಸಿಫಿಲಿಸ್ ಬಂತು, 1877ರಲ್ಲಿ ದಡಾರ ಬಂತು, ನೂರು ವರ್ಷ ಕಳೆಯೋದ್ರೊಳಗೆ ಇಪ್ಪತ್ತರ ಆಸುಪಾಸು ಉಳ್ಕೊಂಡ್ರು. ಬೋ ಅನ್ನೋ ಅವರದ್ದೊಂದು ಭಾಷೆ ಮಾತಾಡ್ತಿದ್ದ ಕೊನೇ ಅಜ್ಜಿ, ಬೋವಾ ಸೀನಿಯರ್, 2010ರ ಜನವರಿಲಿ ತೀರ್ಕೊಂಡ್ರು. ಸ್ಕೂಲು ಬಟ್ಟೆ ಔಷಧಿ ಎಲ್ಲಾ ಕೊಟ್ಟಾಗ ಏನಾಯ್ತು ಅಂತ ಟೆಸ್ಟ್ ಮಾಡಿ ನೋಡಿ ಆಗಿದೆ ಅಂಕಲ್ ಅಂದೆ, ಅವ್ರು ಬೋಟ್ ಬಂತು ನೋಡಿ ಅಂದ್ರು.

ಬೋಟ್ ರೈಡ್ ಸೂಪರ್, ಅದ್ರಲ್ಲಿ ಎರಡು ಮಾತಿಲ್ಲ. ಲೈಫ್ ಜಾಕೆಟ್ ಕೊಡ್ತಾರೆ, ಮೊದಲು ಅಗಲವಾದ ನೀರು, ಆಮೇಲೆ ಎರಡೂ ಕಡೆ ಮ್ಯಾಂಗ್ರೋವ್ ಕೊಂಬೆ ಬಾಗಿ ಮೇಲೆ ಚಪ್ಪರ ಆಗಿರೋ ಸಂದಿ, ಎಂಜಿನ್ ಆಫ್ ಮಾಡಿದ್ರೆ ನೀರಿನ ಸದ್ದು ಬಿಟ್ರೆ ಏನಿಲ್ಲ. ಮೊಸಳೆ ಇದೆ ಅಂತ ಬೋರ್ಡ್ ಇದೆ, ಕೈ ಒಳಗಿಟ್ಕೊಳ್ಳಿ. ಇಳಿದ್ಮೇಲೆ ಒಂದೂವರೆ ಕಿಮೀ ಹತ್ರ ನಡಿಗೆ, ಬಿಸಿಲಾದ್ರೆ ಸಾಕಾಗತ್ತೆ, ಮಧ್ಯ ಊರೋರು ನಿಂಬೆ ಷರಬತ್ ಮಾರ್ತಾರೆ, ಕುಡೀರಿ. ಗುಹೆ ಸುಮಾರು, ಆಂಧ್ರದ ಬೇಲಂ ಗುಹೆ ನೋಡಿರೋರಿಗೆ ಚಿಕ್ಕದು ಅನ್ಸತ್ತೆ, ಗೈಡ್ ಟಾರ್ಚ್ ಬಿಟ್ಟು ಇದು ಗಣೇಶ ಇದು ಕಮಲ ಅಂತ ತೋರಿಸ್ಕೊಂಡು ಹೋಗ್ತಾನೆ, ನಮ್ಮಮ್ಮ ಮಾತ್ರ ಗಣೇಶನಿಗೆ ಕೈ ಮುಗಿದು ಬಂದ್ರು. ಮಡ್ ವಾಲ್ಕೆನೋ ಅಂತ ಇನ್ನೊಂದಿದೆ, ಬೇಲಿ ಹಾಕಿರೋ ಕೆಸರು, ಆಗೊಂದು ಈಗೊಂದು ಗುಳ್ಳೆ, ಅದಕ್ಕೆ ಜೀಪ್ ಬೇರೆ.

ಆ ಜನರ ಬಗ್ಗೆ ನಿಜವಾಗ್ಲೂ ಕುತೂಹಲ ಇದ್ರೆ ಪೋರ್ಟ್ ಬ್ಲೇರ್‌ನಲ್ಲೇ ಆಂಥ್ರೊಪಾಲಜಿಕಲ್ ಮ್ಯೂಸಿಯಂ ಇದೆ, ಟಿಕೆಟ್ ಪುಡಿಗಾಸು. ಬಿಲ್ಲು, ಬುಟ್ಟಿ, ಗುಡಿಸಲಿನ ಮಾಡೆಲ್ಲು, ಜರಾವಾಗಳು ಮರದ ತೊಗಟೆಯಿಂದ ಮಾಡ್ಕೊಳ್ಳೋ ಎದೆ ಕವಚ, ಹಳೇ ಫೋಟೋಗಳು ಎಲ್ಲ ಇಟ್ಟಿದಾರೆ. ಲೈಟಿಂಗ್ ಡಲ್ಲು, ಬೋರ್ಡ್‌ಗಳಲ್ಲಿ ಬರೆದಿರೋದು ಓದೋದೇ ಕಷ್ಟ, ಆದ್ರೂ ಆ ರೋಡಲ್ಲಿ ಕತ್ತು ಉದ್ದ ಮಾಡ್ಕೊಂಡು ಕೂತೋರಿಗೆ ಸಿಗೋದಕ್ಕಿಂತ ನೂರು ಪಟ್ಟು ಜಾಸ್ತಿ ತಿಳಿಯತ್ತೆ, ಅದೂ ರಾತ್ರಿ ಮೂರಕ್ಕೆ ಏಳದೇನೇ. ವಾರದ ರಜ ಯಾವತ್ತು ಅಂತ ನೋಡ್ಕೊಂಡು ಹೋಗಿ.

ಕೊನೇದಾಗಿ ದುಡ್ಡಿನ ವಿಷಯ. ನಮ್ ಪ್ಯಾಕೇಜ್ ಲಿಸ್ಟ್‌ನಲ್ಲಿ ಪ್ಯಾರಟ್ ಐಲ್ಯಾಂಡೂ ಇತ್ತು. ಅದು ಗಿಳಿಗಳು ಸಂಜೆ ಗೂಡಿಗೆ ಬರೋದನ್ನ ನೋಡೋ ಜಾಗ, ವಾಪಸ್ ಬರೋ ಕೊನೇ ಕಾನ್ವಾಯ್ ಮಧ್ಯಾಹ್ನವೇ ಹೊರಟುಬಿಡತ್ತೆ, ಅಂದ್ರೆ ಬಾರಾಟಾಂಗ್‌ನಲ್ಲಿ ರಾತ್ರಿ ಉಳಿಯದೇ ಅದನ್ನ ನೋಡೋಕೆ ಸಾಧ್ಯಾನೇ ಇಲ್ಲ. ಡೇ ಟ್ರಿಪ್ಪಿಗೆ ಅದರ ದುಡ್ಡೂ ಸೇರಿಸಿ ಹಾಕಿದ್ರು. ಏಜೆಂಟ್‌ಗೆ ಫೋನ್ ಮಾಡಿ ರೀಫಂಡ್ ಕೇಳಿದ್ರೆ "ನೋಡೋಣ ಸರ್, ಅದಿರ್ಲಿ, ಸೈಟಿಂಗ್ ಆಯ್ತಾ" ಅಂದ. ರೀಫಂಡ್ ಇನ್ನೂ ಬಂದಿಲ್ಲ.