ಆರು ಮಕ್ಕಳು, ಒಂದು ಚಂದ್ರ: ‘ಅನಾನ್ಸಿ ದ ಸ್ಪೈಡರ್’ ಚಿತ್ರಪುಸ್ತಕ

ಜೆರಾಲ್ಡ್ ಮ್ಯಾಕ್‌ಡರ್ಮಟ್ ಕತೆ ಹೇಳಿ ಚಿತ್ರ ಬರೆದಿರುವ ‘ಅನಾನ್ಸಿ ದ ಸ್ಪೈಡರ್: ಎ ಟೇಲ್ ಫ್ರಂ ದ ಅಶಾಂಟಿ’ ಹೊರಬಂದದ್ದು 1972ರಲ್ಲಿ. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಚಿತ್ರಪುಸ್ತಕಗಳಿಗೆ ಸಲ್ಲುವ ಕಾಲ್ಡಿಕಾಟ್ ಆನರ್ ಸಿಕ್ಕಿತು. ಅರ್ಧ ಶತಮಾನ ದಾಟಿದ ಪುಸ್ತಕ. ಆದರೂ ‘ಕೂಡಿ ಬಾಳೋಣ’ ಎಂಬ ಮಾತನ್ನು ಮಕ್ಕಳ ಮುಂದೆ ಇಡುವ ಪುಸ್ತಕಗಳಲ್ಲಿ ಇಷ್ಟು ಗಟ್ಟಿಯಾಗಿ ಹೆಣೆದದ್ದು ಅಪರೂಪ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿರುವ ಮನೆಗೆ, ಶಾಲೆಯ ಓದುಮೂಲೆಗೆ ಧೈರ್ಯವಾಗಿ ಕೊಳ್ಳಬಹುದು. ಆದರೆ ಓದಿ ಹೇಳುವವರು ಒಂದೆರಡು ಕಡೆ ಎಡವುವ ಸಂಭವವಿದೆ. ಹೆಚ್ಚು ಎಡವುವುದು ಕೊನೆಯ ಪುಟಗಳಲ್ಲಿ.

ಕತೆ ಘಾನಾದ ಅಶಾಂಟಿ ಜನರದು. ಈಗ ಅಸಾಂಟೆ ಎಂದೂ ಬರೆಯುತ್ತಾರೆ; ಅವರ ರಾಜಧಾನಿ ಕುಮಾಸಿ, ಮಾತು ಟ್ವಿ. ಅನಾನ್ಸಿ ಎಂದರೆ ಜೇಡ. ಪೂರ್ತಿ ಹೆಸರು ಕ್ವಾಕು ಅನಾನ್ಸಿ. ಬುಧವಾರ ಹುಟ್ಟಿದ ಗಂಡಿಗೆ ಅಲ್ಲಿ ಇಡುವ ಹೆಸರು ಕ್ವಾಕು. ಈ ಅನಾನ್ಸಿಗೆ ಆರು ಮಂದಿ ಗಂಡುಮಕ್ಕಳು, ಒಬ್ಬೊಬ್ಬನಿಗೂ ಒಂದೊಂದೇ ವಿದ್ಯೆ. ಒಬ್ಬ ದೂರದ ಅಪಾಯ ಕಾಣಬಲ್ಲ, ಒಬ್ಬ ದಾರಿ ಕಡಿಯಬಲ್ಲ, ಒಬ್ಬ ಹೊಳೆಯನ್ನೇ ಕುಡಿದು ಬರಿದು ಮಾಡಬಲ್ಲ, ಒಬ್ಬ ಬೇಟೆ ಸೀಳಬಲ್ಲ, ಒಬ್ಬ ಗುರಿಯಿಟ್ಟು ಕಲ್ಲು ಬೀರಬಲ್ಲ. ಕಡೆಯವನು ಮೆತ್ತಗಿದ್ದಾನೆ, ಅಷ್ಟೇ. ಮನೆಯಿಂದ ದೂರ ಹೋದ ಅಪ್ಪನನ್ನು ಮೀನು ನುಂಗುತ್ತದೆ. ಮೀನಿನ ಹೊಟ್ಟೆಯಿಂದ ಹೊರಬಿದ್ದ ಮೇಲೆ ಗಿಡುಗ ಎತ್ತಿಕೊಂಡು ಹೋಗುತ್ತದೆ. ಮಕ್ಕಳು ಎರಡು ಸಲವೂ ಬಿಡಿಸಿ ತರುತ್ತಾರೆ. ಆ ರಾತ್ರಿ ಅನಾನ್ಸಿಗೆ ಕಾಡಿನಲ್ಲಿ ಬೆಳ್ಳಗೆ ಬೆಳಗುವ ಒಂದು ಗೋಳ ಸಿಗುತ್ತದೆ. ನನ್ನನ್ನು ಉಳಿಸಿದ ಮಗನಿಗೆ ಇದನ್ನು ಕೊಡುತ್ತೇನೆ ಎನ್ನುತ್ತಾನೆ. ಉಳಿಸಿದ್ದು ಯಾರು? ಅಪ್ಪನಿಗೂ ತಿಳಿಯದು, ಮಕ್ಕಳಿಗೂ ತಿಳಿಯದು. ತೀರ್ಮಾನವಾಗುವವರೆಗೆ ಗೋಳವನ್ನು ಹಿಡಿದುಕೊಂಡಿರಲು ದೇವರಾದ ನ್ಯಾಮೆಯನ್ನು ಕೇಳುತ್ತಾನೆ. ರಾತ್ರಿಯಿಡೀ ವಾದ ನಡೆಯುತ್ತದೆ. ನ್ಯಾಮೆ ನೋಡುವಷ್ಟು ನೋಡಿ, ಗೋಳವನ್ನು ಎಲ್ಲರಿಗೂ ಕಾಣುವಂತೆ ಆಕಾಶದಲ್ಲಿ ಇಟ್ಟುಬಿಡುತ್ತಾನೆ.

ಇದರ ಕಟ್ಟಡವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಗ್ಗಟ್ಟಿನ ಕತೆ ಎಂದು ಮಾರಾಟವಾಗುವ ಬಹುಪಾಲು ಮಕ್ಕಳ ಪುಸ್ತಕಗಳಲ್ಲಿ ಎಲ್ಲರೂ ಒಂದೇ ಹಗ್ಗ ಹಿಡಿದು ಎಳೆಯುತ್ತಾರೆ. ಅವರಲ್ಲಿ ಒಬ್ಬನನ್ನು ತೆಗೆದರೂ ಕೆಲಸ ಹೇಗೋ ಆಗುತ್ತದೆ. ಇಲ್ಲಿ ಹಾಗಿಲ್ಲ, ಸರಪಳಿಯ ಹಾಗೆ ಒಬ್ಬನ ಕೆಲಸ ಮುಗಿದ ಕಡೆ ಇನ್ನೊಬ್ಬನದು ಶುರುವಾಗುತ್ತದೆ. ಅಪಾಯ ಕಂಡವನಿಗೆ ಅಲ್ಲಿಗೆ ಹೋಗುವ ದಾರಿಯಿಲ್ಲ. ದಾರಿ ಮಾಡಿದವನಿಗೆ ನೀರಿನ ಮೇಲೆ ಕೈ ನಡೆಯದು. ಹೊಳೆ ಬತ್ತಿಸಿದವನಿಗೆ ಮೀನು ಸೀಳಲು ಬಾರದು. ಇನ್ನೂ ಒಂದು ಸೂಕ್ಷ್ಮವಿದೆ. ಮೀನಿನ ಆಪತ್ತಿನಲ್ಲಿ ಮೊದಲ ನಾಲ್ವರಿಗೆ ಮಾತ್ರ ಕೆಲಸ, ಕಡೆಯ ಇಬ್ಬರು ಸುಮ್ಮನೆ ಜೊತೆಗಿದ್ದಾರೆ. ಗಿಡುಗ ಬಂದಾಗ ಈ ನಾಲ್ವರ ವಿದ್ಯೆ ಯಾವುದಕ್ಕೂ ಬಾರದು, ಆಗ ಕಲ್ಲು ಬೀರುವವನ ಸರದಿ. ಕಲ್ಲು ತಾಗಿ ಗಿಡುಗ ಬಿಟ್ಟ ಮೇಲೆ ಅನಾನ್ಸಿ ಆಕಾಶದಿಂದ ಬೀಳುತ್ತಿದ್ದಾನೆ. ಆ ಗಳಿಗೆಯಲ್ಲಿ ಬೇಕಾದದ್ದು ಬಲವಲ್ಲ, ಮೆತ್ತಗಿನ ಒಂದು ಮೈ. ತರಗತಿಯಲ್ಲಿ ‘ನನಗೇನೂ ಬರುವುದಿಲ್ಲ’ ಎಂದು ಹಿಂದೆ ಕೂರುವ ಮಗುವಿಗೆ ಈ ಪುಟ ತಾನಾಗಿಯೇ ತಟ್ಟುತ್ತದೆ, ವಿವರಿಸಿ ಹೇಳಬೇಕಿಲ್ಲ.

ಇನ್ನು ಆ ಕೊನೆಯ ಭಾಗ. ‘ಇಷ್ಟು ಚೆನ್ನಾಗಿ ಕೂಡಿ ದುಡಿದವರು ಬಹುಮಾನಕ್ಕೆ ಯಾಕೆ ಜಗಳ ಆಡಬೇಕು, ಇದೆಂಥ ನೀತಿ’ ಎಂದು ದೊಡ್ಡವರು ಆಕ್ಷೇಪಿಸುವುದುಂಟು. ಕೆಲವರು ಆ ಪುಟಗಳನ್ನು ಹಾರಿಸುತ್ತಾರೆ, ಕೆಲವರು ‘ಆರೂ ಜನ ಹಂಚಿಕೊಂಡರು’ ಎಂದು ತಿದ್ದಿ ಮುಗಿಸುತ್ತಾರೆ. ಎರಡೂ ತಪ್ಪು. ಪಶ್ಚಿಮ ಆಫ್ರಿಕಾದಲ್ಲಿ ಉತ್ತರ ಕೊಡದೆ ಪ್ರಶ್ನೆಯಲ್ಲಿ ನಿಲ್ಲುವ ಕತೆಗಳ ದೊಡ್ಡ ಪರಂಪರೆಯೇ ಇದೆ. ಹೇಳುವವನು ಪ್ರಶ್ನೆಯಿಟ್ಟು ಸುಮ್ಮನಾಗುತ್ತಾನೆ, ಕೇಳಿದವರು ವಾದಕ್ಕೆ ಇಳಿಯುತ್ತಾರೆ. ಆ ವಾದವೂ ಕತೆಯದೇ ಭಾಗ.

ವಿಕ್ರಮ-ಬೇತಾಳದ ಕತೆಗಳನ್ನು ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ‘ಕಥಾಸರಿತ್ಸಾಗರ’ದಲ್ಲಿ ಬೇತಾಳ ಹೇಳುವ ಐದನೆಯ ಕತೆ ನೆನಪಿಸಿಕೊಳ್ಳಿ: ಸೋಮಪ್ರಭೆಯನ್ನು ರಾಕ್ಷಸ ಹೊತ್ತೊಯ್ದಿದ್ದಾನೆ. ಒಬ್ಬ ವರ ಅವಳಿರುವ ಜಾಗವನ್ನು ಜ್ಞಾನದಿಂದ ಕಾಣುತ್ತಾನೆ, ಇನ್ನೊಬ್ಬ ಆಕಾಶದಲ್ಲಿ ಹೋಗುವ ರಥ ಮಾಡಿಕೊಡುತ್ತಾನೆ, ಮೂರನೆಯವನು ರಾಕ್ಷಸನನ್ನು ಕೊಲ್ಲುತ್ತಾನೆ. ಅವಳು ಯಾರಿಗೆ ಸಲ್ಲಬೇಕು? ಕಾಣುವವ, ದಾರಿ ಮಾಡುವವ, ಹೊಡೆಯುವವ ಮೂವರೂ ಅನಾನ್ಸಿಯ ಮನೆಯಲ್ಲೂ ಇದ್ದಾರೆ. ನಮ್ಮ ಕತೆಯಲ್ಲಿ ರಾಜ ಮೌನ ಮುರಿದು, ಕೊಂದ ಶೂರನಿಗೇ ಸಲ್ಲಬೇಕು, ಉಳಿದಿಬ್ಬರು ಅವನಿಗೆ ಸಹಾಯಕರು ಎಂದು ತೀರ್ಪು ಕೊಡುತ್ತಾನೆ. ಅಶಾಂಟಿ ಕತೆಯ ದೇವರು ತೀರ್ಪನ್ನೇ ಕೊಡುವುದಿಲ್ಲ. ಏಳೆಂಟು ವರ್ಷದ ಮಕ್ಕಳಿಗೆ ಎರಡನ್ನೂ ಒಂದರ ಹಿಂದೆ ಒಂದು ಹೇಳಿ ಬಿಟ್ಟರೆ ಅರ್ಧ ಗಂಟೆಯ ಮಾತುಕತೆ ತಾನಾಗಿ ಹುಟ್ಟುತ್ತದೆ. ಮೊದಲು ಬೇತಾಳನ ಕತೆ, ಆಮೇಲೆ ಈ ಪುಸ್ತಕ ಎಂಬ ಕ್ರಮ ಒಳ್ಳೆಯದು. ತಿರುಗಿಸಿದರೆ ರಾಜನ ತೀರ್ಪೇ ಕೊನೆಯ ಮಾತಾಗಿ ಉಳಿದುಬಿಡುತ್ತದೆ.

ಚಿತ್ರಗಳು ಈ ಪುಸ್ತಕದ ಪ್ರಾಣ. ಮ್ಯಾಕ್‌ಡರ್ಮಟ್ ಇದೇ ಕತೆಯನ್ನು 1969ರಲ್ಲಿ ಕಿರು ಅನಿಮೇಷನ್ ಚಿತ್ರವಾಗಿ ಮಾಡಿದ್ದರು, ಪುಸ್ತಕ ಬಂದದ್ದು ಅದರ ಬೆನ್ನಿಗೆ. ಹಾಗಾಗಿ ಇಲ್ಲಿ ಪುಟ ತಿರುಗಿಸುವುದೆಂದರೆ ದೃಶ್ಯ ಕತ್ತರಿಸಿ ಮುಂದಕ್ಕೆ ಹೋದ ಹಾಗೆ. ತ್ರಿಕೋನ, ಚೌಕ, ವೃತ್ತಗಳಲ್ಲೇ ಕಾಡು, ಹೊಳೆ, ಬೆಟ್ಟ ಎದ್ದು ನಿಲ್ಲುತ್ತವೆ. ಬಣ್ಣಗಳು ಹಸಿಹಸಿ, ಒಂದಕ್ಕೊಂದು ಅಂಜದವು. ಪ್ರತಿ ಮಗನ ಮೈಮೇಲೆ ಅವನ ಗುರುತಿನ ಬೇರೆ ಬೇರೆ ವಿನ್ಯಾಸ. ಓದು ಬಾರದ ಮಗು ಆ ಗುರುತಿನಿಂದಲೇ ‘ಇವನು ಹೊಳೆ ಕುಡಿಯುವವನು’ ಎಂದು ಕೈತೋರಿಸಬಲ್ಲದು. ಮೊದಲ ಸಲ ಓದುವಾಗ ಆರು ಮಕ್ಕಳ ಪರಿಚಯದ ಪುಟಗಳಲ್ಲಿ ಆತುರ ಬೇಡ. ಅಲ್ಲಿ ಗುರುತು ಮನಸ್ಸಿನಲ್ಲಿ ನಿಲ್ಲದಿದ್ದರೆ ಮುಂದೆ ಎಲ್ಲ ಜೇಡಗಳೂ ಒಂದೇ ಥರ ಕಂಡು, ಮಗು ‘ಇದು ಯಾರು, ಇದು ಯಾರು’ ಎಂದು ಕೇಳುತ್ತಲೇ ಇರುತ್ತದೆ. ಮೀನು ಸೀಳುವ ದೃಶ್ಯಕ್ಕೆ ಹೆದರಬೇಕಿಲ್ಲ. ಎಲ್ಲವೂ ರೇಖೆ, ಆಕಾರಗಳಲ್ಲಿ ನಡೆಯುವುದರಿಂದ ಮೀನು ಸೀಳುವುದೂ ಕಾಗದ ಕತ್ತರಿಸಿದಷ್ಟು ಸರಳವಾಗಿ ಕಾಣುತ್ತದೆ.

ಆ ವಿನ್ಯಾಸಗಳ ಹಿಂದೆ ಅಶಾಂಟಿಗಳ ಕೆಂಟೆ ಬಟ್ಟೆಯ ನೆರಳಿದೆ. ಕೆಂಟೆಯನ್ನು ಅಗಲವಾಗಿ ನೇಯುವುದಿಲ್ಲ. ಸುಮಾರು ಹತ್ತು ಸೆಂಟಿಮೀಟರ್ ಅಗಲದ ಉದ್ದ ಪಟ್ಟಿಗಳನ್ನು ನೇಯ್ದು, ಅಂಚಿಗೆ ಅಂಚು ಸೇರಿಸಿ ಹೊಲಿಯುತ್ತಾರೆ. ಕುಮಾಸಿಯ ಹತ್ತಿರದ ಬಾನ್ವಿರೆ ಊರಿನವರು ಹೇಳುವ ಪ್ರಕಾರ, ಅಲ್ಲಿಯ ಹಿರಿಯರು ನೇಯ್ಗೆ ಕಲಿತದ್ದೇ ಜೇಡ ಬಲೆ ಹೆಣೆಯುವುದನ್ನು ನೋಡಿ. ಕನ್ನಡದಲ್ಲೂ ‘ಜೇಡ’ ಎಂದರೆ ಬಲೆ ಕಟ್ಟುವ ಹುಳು, ನೇಕಾರ ಎರಡೂ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಎರಡನೆಯ ಅರ್ಥ. ದೊಡ್ಡ ಮಕ್ಕಳಿಗೆ ಈ ಮಾತು ಹೇಳಿದರೆ ಚಿತ್ರಗಳನ್ನು ಇನ್ನೊಮ್ಮೆ ಬೇರೆ ಕಣ್ಣಿನಿಂದ ನೋಡುತ್ತಾರೆ.

ಪುಸ್ತಕದ ಭಾಷೆ ಇಂಗ್ಲಿಷ್. ವಾಕ್ಯಗಳು ತೀರ ಚಿಕ್ಕವು, ಪದಗಳೂ ಕಡಿಮೆ. ಗಡಿಬಿಡಿಯಲ್ಲಿ ಐದು ನಿಮಿಷಕ್ಕೆ ಮುಗಿಯುತ್ತದೆ, ಚಿತ್ರ ತೋರಿಸುತ್ತ ಹೋದರೆ ಹತ್ತು ಹನ್ನೆರಡು ನಿಮಿಷ ಬೇಕು. ಕನ್ನಡದಲ್ಲಿ ಹೇಳುವವರು ಹೆಸರುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಇಲ್ಲದಿದ್ದರೆ ನಡುವೆ ತಡವರಿಸುತ್ತದೆ. ಬಾಯಿಗೆ ಹಗುರಾಗುವಂತೆ ಕಷ್ಟಗಾಣ, ದಾರಿಕಾರ, ಹೊಳೆಕುಡುಕ, ಬೇಟೆಸೀಳ, ಕಲ್ಬೀರ, ಮೆತ್ತ ಎಂದು ಇಟ್ಟುಕೊಳ್ಳಬಹುದು. ನಾಲ್ಕನೆಯವನ ಹೆಸರಿನಲ್ಲಿ ಜೋಕೆ. ಅಲ್ಲಿರುವ ‘ಗೇಮ್’ ಎಂದರೆ ಆಟವಲ್ಲ, ಬೇಟೆಯ ಪ್ರಾಣಿ. ಅವಸರದಲ್ಲಿ ‘ಆಟಗಾರ’ ಎಂದುಬಿಟ್ಟರೆ ಮೀನಿನ ಪುಟಕ್ಕೆ ಬಂದಾಗ ಕತೆಯೇ ಕುಂಟುತ್ತದೆ. ಇದೇ ಕತೆಯ ಬೇರೆ ಮುದ್ರಿತ ರೂಪಗಳಲ್ಲಿ ಮಕ್ಕಳ ಹೆಸರುಗಳು ಟ್ವಿ ಭಾಷೆಯಲ್ಲೇ ಉಳಿದಿವೆ: ದಾರಿ ಕಡಿಯುವವನು ಟ್ವಾ ಅಕ್ವಾನ್, ಕಲ್ಲು ಎಸೆಯುವವನು ಟೊಟೊ ಅಬುವೊ. ಟ್ವಿಯಲ್ಲಿ ‘ಅಕ್ವಾನ್’ ಎಂದರೆ ದಾರಿಗಳು. ಮ್ಯಾಕ್‌ಡರ್ಮಟ್ ಹೆಸರುಗಳನ್ನು ಅರ್ಥಕ್ಕೆ ತಿರುಗಿಸಿದ್ದು ಚಿಕ್ಕ ಮಕ್ಕಳಿಗೆ ಅನುಕೂಲ. ಆದರೆ ಆ ನಾಡಿನ ನಾದ ಅಷ್ಟು ಮಟ್ಟಿಗೆ ಹೋಯಿತು. ಕಿವಿಗೆ ಬೀಳುವ ಅಲ್ಲಿಯ ಹೆಸರು ಅನಾನ್ಸಿ ಮತ್ತು ನ್ಯಾಮೆ, ಇವೆರಡೇ.

ಕೊರತೆ ಬೇರೆಯೂ ಇದೆ. ಅಶಾಂಟಿ ಕತೆಗಳಲ್ಲಿ ಅನಾನ್ಸಿಯ ಹೆಂಡತಿ ಆಸೊ ಜಾಣೆ, ಗಂಡನಿಗೆ ಉಪಾಯ ಹೇಳಿಕೊಡುವವಳು. ಈ ಪುಸ್ತಕದಲ್ಲಿ ಅವಳಿಲ್ಲ. ಇಡೀ ಸಂಸಾರದಲ್ಲಿ ಹೆಣ್ಣಿನ ಸುಳಿವೇ ಇಲ್ಲ. ಹೇಳುವಾಗ ‘ಮಗ’ ಎನ್ನುವ ಕಡೆ ‘ಮಗು’ ಎಂದರೆ ಕತೆಗೆ ಯಾವ ಧಕ್ಕೆಯೂ ಆಗದು. ಎರಡನೆಯದು, ಅನಾನ್ಸಿ ಮೂಲದಲ್ಲಿ ಮಹಾ ಕಿಲಾಡಿ. ಆಸೆಬುರುಕ, ಸುಳ್ಳುಗಾರ, ತನ್ನ ಬಲೆಗೆ ತಾನೇ ಬೀಳುವವನು. ಇಲ್ಲಿ ಅವನು ಬರೀ ಕಷ್ಟಕ್ಕೆ ಸಿಕ್ಕಿದ ಅಪ್ಪ. ಇದೊಂದನ್ನೇ ಓದಿದ ಮಗು ಅನಾನ್ಸಿಯನ್ನು ಪಾಪದವನು ಎಂದುಕೊಳ್ಳುತ್ತದೆ. ಲೋಕದ ಕತೆಗಳೆಲ್ಲ ಮೊದಲು ನ್ಯಾಮೆಯ ಬಳಿ ಇದ್ದವು, ಅನಾನ್ಸಿ ಹೆಬ್ಬಾವು, ಕಣಜ, ಚಿರತೆಗಳನ್ನು ಉಪಾಯದಿಂದ ಹಿಡಿದುಕೊಟ್ಟು ಅವನ್ನು ಗೆದ್ದ ಎಂಬ ಇನ್ನೊಂದು ಕತೆಯನ್ನು ಜೊತೆಗೆ ಹೇಳಿದರೆ ತೂಕ ಸರಿಹೋಗುತ್ತದೆ. ಮೂರನೆಯದು ಹಾಡು. ಅಲ್ಲಿ ಕತೆ ನಡೆಯುತ್ತಿರುವಾಗ ಕೇಳುಗರು ನಡುವೆ ತಡೆದು ಹಾಡು ಎತ್ತುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ಸೇರಿಕೊಳ್ಳುತ್ತಾರೆ. ಅಚ್ಚಾದ ಪುಟಕ್ಕೆ ಅದು ಬಂದಿಲ್ಲ. ‘ಅಪ್ಪ ಎಲ್ಲಿ, ಅನಾನ್ಸಿ ಎಲ್ಲಿ’ ಎಂಥ ಒಂದು ಸಾಲನ್ನು ಮಕ್ಕಳಿಂದಲೇ ಕಟ್ಟಿಸಿ, ಒಬ್ಬೊಬ್ಬ ಮಗ ಹೊರಟಾಗಲೂ ಹಾಡಿಸಿದರೆ ಆ ಜಾಗ ತುಂಬುತ್ತದೆ.

ಶಾಲೆಯಲ್ಲಿ ಆಡಿಸುವುದಾದರೆ ಹತ್ತು ಮಕ್ಕಳು ಸಾಕು: ಆರು ಮಕ್ಕಳು, ಅನಾನ್ಸಿ, ಮೀನು, ಗಿಡುಗ, ನ್ಯಾಮೆ. ಉಳಿದವರು ಎರಡು ಸಾಲಾಗಿ ನಿಂತು ಹೊಳೆಯಾಗಬಹುದು. ಹೊಳೆಕುಡುಕ ಬಂದಾಗ ಒಬ್ಬೊಬ್ಬರಾಗಿ ಕುಳಿತರೆ ಹೊಳೆ ಬತ್ತಿತು. ಪಾತ್ರ ಹಂಚುವಾಗ ಎಲ್ಲರಿಗೂ ಕಲ್ಬೀರನೇ ಬೇಕು, ಮೆತ್ತ ಯಾರಿಗೂ ಬೇಡ. ಅದಕ್ಕೆ ಮೊದಲು ಅನಾನ್ಸಿ ಬೀಳುವ ದೃಶ್ಯ ಓದಿ ಪುಸ್ತಕ ಮುಚ್ಚಿ, ‘ಈಗ ಯಾರು ಬರಬೇಕು?’ ಎಂದು ಕೇಳಿ, ಆಮೇಲೆ ಪಾತ್ರ ಹಂಚಬೇಕು. ಎರಡನೆಯ ಸಲ ಆಡಿಸುವಾಗ ಒಬ್ಬನನ್ನು ಹೊರಗೆ ಕೂರಿಸಿ, ಕತೆ ಎಲ್ಲಿ ನಿಲ್ಲುತ್ತದೆ ನೋಡಿ ಎನ್ನಬೇಕು. ಮೊದಲು ಮೆತ್ತನನ್ನು, ಕೊನೆಗೆ ಕಷ್ಟಗಾಣನನ್ನು ಹೊರಗಿಡಿ. ಕಷ್ಟಗಾಣ ಇಲ್ಲದಿದ್ದರೆ ಉಳಿದ ಐವರು ಇದ್ದಲ್ಲಿಂದ ಕದಲುವುದೇ ಇಲ್ಲ; ಅದನ್ನು ಮಕ್ಕಳು ಕಣ್ಣಾರೆ ನೋಡಿದಾಗ ಆಗುವ ಮೌನವೇ ಬೇರೆ. ಕಾಗದದ ಜೇಡ ಮಾಡಿಸುವುದಾದರೆ ಆರು ಸೆಂಟಿಮೀಟರ್ ಅಡ್ಡಳತೆಯ ಕಪ್ಪು ಬಿಲ್ಲೆ, ಒಂದು ಸೆಂಟಿಮೀಟರ್ ಅಗಲ ಹತ್ತು ಸೆಂಟಿಮೀಟರ್ ಉದ್ದದ ಎಂಟು ಕಾಲು. ಆರು ಜೇಡಕ್ಕೆ 48 ಪಟ್ಟಿ ಮೊದಲೇ ಕತ್ತರಿಸಿಡಿ. ಕಾಲುಗಳನ್ನು ಬಿಲ್ಲೆಯ ಹಿಂಬದಿಗೆ ಅಂಟಿಸಬೇಕು. ಮುಂದೆ ಅಂಟಿಸಿದರೆ ಗುರುತಿನ ಚಿತ್ರ ಬರೆಯಲು ಜಾಗ ಉಳಿಯುವುದಿಲ್ಲ.

ಹಳೆಯ ಪ್ರತಿ ಕೊಳ್ಳುವವರು ಮೊದಲು ಮುನ್ನುಡಿಯ ಹಾಳೆ ಇದೆಯೇ ನೋಡಿ; ಅಶಾಂಟಿಗಳ ಪರಿಚಯ ಇರುವುದು ಅಲ್ಲಿಯೇ. ಎರಡು ಪುಟಕ್ಕೂ ಹರಡಿದ ಚಿತ್ರಗಳಿರುವುದರಿಂದ ಒಂದು ಹಾಳೆ ಹೋದರೂ ಸರಪಳಿಯ ಕೊಂಡಿ ತಪ್ಪುತ್ತದೆ. ಮಕ್ಕಳಿಗೆ ಹೇಳುವಾಗ ‘ಆಫ್ರಿಕಾದ ಕತೆ’ ಎಂದು ಇಡೀ ಖಂಡವನ್ನು ಒಂದೇ ಊರು ಮಾಡದೆ, ಭೂಪಟದಲ್ಲಿ ಘಾನಾ ತೋರಿಸಿ, ಕುಮಾಸಿಗೆ ಬೆರಳಿಟ್ಟು ‘ಇಲ್ಲಿಯವರ ಕತೆ’ ಎನ್ನಿ.

ಓದುವ ದಿನವನ್ನೂ ನೋಡಿಕೊಳ್ಳಬೇಕು. ಆ ಬೆಳಕು ಇವತ್ತು ರಾತ್ರಿಯೂ ಅಲ್ಲಿದೆ ಎಂಬ ಮಾತಿನಲ್ಲಿ ಪುಸ್ತಕ ಮುಗಿಯುತ್ತದೆ. ಅಮಾವಾಸ್ಯೆಯ ದಿನ ಓದಿದರೆ ಮಗು ಕಿಟಕಿಗೆ ಓಡಿ, ಏನೂ ಕಾಣದೆ ವಾಪಸು ಬರುತ್ತದೆ. ಹುಣ್ಣಿಮೆಯಿಂದಾಚೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತ ಹೋಗುತ್ತಾನೆ, ಕೃಷ್ಣಪಕ್ಷದ ಅಷ್ಟಮಿಗೆ ನಡುರಾತ್ರಿಯೇ ಆಗುತ್ತದೆ. ಶುಕ್ಲಪಕ್ಷದ ಪಂಚಮಿಯಿಂದ ಹುಣ್ಣಿಮೆಯವರೆಗಿನ ಸಂಜೆಗಳು ಇದಕ್ಕೆ ಹೇಳಿಮಾಡಿಸಿದವು. ಊಟ ಮುಗಿಸಿ, ಓದಿ, ಕೊನೆಯ ಪುಟಕ್ಕೆ ಬಂದಾಗ ದೀಪ ಆರಿಸಿ ಅಂಗಳಕ್ಕೋ ತಾರಸಿಗೋ ಕರೆದುಕೊಂಡು ಹೋದರೆ, ನ್ಯಾಮೆ ಇಟ್ಟದ್ದು ಇಟ್ಟಲ್ಲೇ ಕಾಣುತ್ತದೆ.