ಸದ್ದು ಅಡಗಿಸುವ ಲಿಫ್ಟರ್, ಸುದ್ದಿ ಹೇಳುವ ಲಿಫ್ಟರ್: ಒಂದೇ ಎಂಜಿನ್ನಿನಲ್ಲಿ ಮೂರು ಬಗೆ

ಎಂಜಿನ್ ಎಣ್ಣೆ ಹೊರಬಿಡುವ ಡ್ರೇನ್ ಬೋಲ್ಟಿನ ಅಯಸ್ಕಾಂತಕ್ಕೆ ಅಂಟಿಕೊಂಡಿದ್ದ ಆ ಚೂರು ಹೊಲಿಗೆ ಸೂಜಿಯ ಮುರಿದ ತುದಿಯಂತಿತ್ತು. ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗಲಿಲ್ಲ, ಬಾಗಲೂ ಇಲ್ಲ. ಎಂಜಿನ್ನಿನಲ್ಲಿ ಅಷ್ಟು ಸಣ್ಣ, ಅಷ್ಟು ನುಣುಪಾದ, ಅಷ್ಟು ಗಡುಸಾದ ಉಕ್ಕಿನ ಕಡ್ಡಿ ಇರುವ ಜಾಗಗಳು ಕಡಿಮೆ. ನನ್ನ ಎಂಜಿನ್ನಿನಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಲಿಫ್ಟರಿನ ರೋಲರ್ ಒಳಗಿನ ಸೂಜಿ ಬೇರಿಂಗನ್ನು. ತಿರುಗುವ ಕ್ಯಾಮಿನ ಉಬ್ಬಿನ ಮೇಲೆ ಕುಳಿತು, ಪುಶ್‌ರಾಡ್ ಎಂಬ ಉದ್ದ ಕಡ್ಡಿಯನ್ನು ಮೇಲಕ್ಕೆ ತಳ್ಳಿ ವಾಲ್ವ್ ತೆರೆಸುವ ಭಾಗವೇ ಲಿಫ್ಟರ್; ಟ್ಯಾಪೆಟ್ ಎಂದೂ ಕರೆಯುತ್ತಾರೆ. ನನ್ನ ಬೈಕ್ ಆಗ 41,000 ಕಿಲೋಮೀಟರ್ ಓಡಿತ್ತು. ಎರಡು ತಿಂಗಳಿಂದ ಹಿಂದಿನ ಸಿಲಿಂಡರಿನ ಕಡೆ ಟಿಕ್ ಟಿಕ್ ಎನ್ನುವ ಸದ್ದಿತ್ತು. ತೋರಿಸಿದ ಮೆಕ್ಯಾನಿಕ್ "ಟ್ಯಾಪೆಟ್ ಸದ್ದು, ಈ ಎಂಜಿನ್ನಿಗೆ ಸಹಜ" ಎಂದು ಹೇಳಿ ಕಳುಹಿಸಿದ್ದರು. ಆಯಿಲ್ ಫಿಲ್ಟರನ್ನು ಕತ್ತರಿಸಿ ಬಿಚ್ಚಿದಾಗ ಮಡಿಕೆಗಳ ನಡುವೆ ಇನ್ನೂ ನಾಲ್ಕು ಕಡ್ಡಿಗಳು ಸಿಕ್ಕವು. ಕ್ಯಾಮ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿತ್ತು.

ಅಲ್ಲಿಂದ ಇಲ್ಲಿಯವರೆಗೆ ಅದೇ ಎಂಜಿನ್ನಿನಲ್ಲಿ ಮೂರು ಬಗೆಯ ಲಿಫ್ಟರುಗಳನ್ನು ಓಡಿಸಿ ನೋಡಿದ್ದೇನೆ: ಕಂಪನಿಯ ಮಾಮೂಲಿ ಹೈಡ್ರಾಲಿಕ್, ಚಲನೆಗೆ ಮಿತಿ ಹಾಕಿದ ಹೈಡ್ರಾಲಿಕ್, ಮತ್ತು ಎಣ್ಣೆಯ ಆಟವೇ ಇಲ್ಲದ ಸಾಲಿಡ್. ಎಂಜಿನ್ ಗಾಳಿಯಿಂದ ತಣಿಯುವ, ಪುಶ್‌ರಾಡ್ ಇರುವ ವಿ-ಟ್ವಿನ್, ಅಂದರೆ ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರುವಂಥದ್ದು. ಮೂರರಲ್ಲೂ ಕ್ಯಾಮಿನ ಮೇಲೆ ಉರುಳುವ ತುದಿ ಒಂದೇ ಬಗೆಯದು, ರೋಲರ್. ಲಿಫ್ಟರ್ ಕೊಳ್ಳಲು ಹೊರಟವರು ಈ ಮಾತನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹೈಡ್ರಾಲಿಕ್ಕೋ ಸಾಲಿಡ್ಡೋ ಎಂಬ ವಾದ ಲಿಫ್ಟರಿನ ಮೇಲ್ಭಾಗದ್ದು. ನನ್ನ ಎಂಜಿನ್ನನ್ನು ಕೆಡಿಸಿದ್ದು ಕೆಳಭಾಗ.

ಮಾಮೂಲಿ ಹೈಡ್ರಾಲಿಕ್ ಲಿಫ್ಟರಿನಿಂದ ಶುರುಮಾಡುತ್ತೇನೆ. ಅದರೊಳಗೆ ಮೇಲೆ-ಕೆಳಗೆ ಜಾರುವ ಒಂದು ಪ್ಲಂಜರ್, ಕೆಳಗೆ ಸ್ಪ್ರಿಂಗ್, ಎಣ್ಣೆ ಹಿಂದೆ ಹರಿಯದಂತೆ ತಡೆಯುವ ಪುಟ್ಟ ಗುಂಡು ಇರುತ್ತವೆ. ವಾಲ್ವ್ ಮುಚ್ಚಿರುವಾಗ ಎಣ್ಣೆ ಒಳಗೆ ತುಂಬಿಕೊಂಡು ಪ್ಲಂಜರನ್ನು ಮೇಲಕ್ಕೆತ್ತಿ ಸಡಿಲವನ್ನೆಲ್ಲ ತುಂಬುತ್ತದೆ. ಕ್ಯಾಮ್ ಎತ್ತಿದಾಗ ಗುಂಡು ದಾರಿ ಮುಚ್ಚುತ್ತದೆ. ಸಿಕ್ಕಿಬಿದ್ದ ಎಣ್ಣೆ ಕುಗ್ಗುವುದಿಲ್ಲವಾದ್ದರಿಂದ ಲಿಫ್ಟರ್ ಗಟ್ಟಿ ಕಂಬದಂತೆ ವರ್ತಿಸುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಇದು ನಿಜವಾದ ಉಪಕಾರ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 250 ಮಿಲಿಮೀಟರ್ ಉದ್ದಕ್ಕೆ 100 ಡಿಗ್ರಿ ಏರಿದರೆ ಅಲ್ಯೂಮಿನಿಯಂ 0.58 ಮಿಲಿಮೀಟರ್ ಬೆಳೆದರೆ ಉಕ್ಕು 0.30ರಷ್ಟೇ ಬೆಳೆಯುತ್ತದೆ. ಸಿಲಿಂಡರ್ ಎತ್ತರವಾಗುತ್ತದೆ, ಉಕ್ಕಿನ ಪುಶ್‌ರಾಡ್ ಹಿಂದುಳಿಯುತ್ತದೆ. ಆ ಅಂತರವನ್ನು ಲಿಫ್ಟರ್ ತಾನಾಗಿಯೇ ತುಂಬುತ್ತದೆ. ಹಾರ್ಲೆ-ಡೇವಿಡ್ಸನ್ 1948ರ ಪ್ಯಾನ್‌ಹೆಡ್ ಎಂಜಿನ್ನಿನಲ್ಲಿ ಹೈಡ್ರಾಲಿಕ್ ಭಾಗವನ್ನು ಪುಶ್‌ರಾಡಿನ ಮೇಲ್ತುದಿಯಲ್ಲಿ ಇಟ್ಟು, 1953ರಲ್ಲಿ ಅದನ್ನು ಕೆಳಗೆ ಕ್ಯಾಮಿನ ಬಳಿಗೆ ಇಳಿಸಿತು. ಎಣ್ಣೆಯ ಒತ್ತಡವನ್ನೇ ನಂಬಿರುವ ಭಾಗ ಪಂಪಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಕ್ಯಾಮ್, ಲಿಫ್ಟರ್ ಎರಡನ್ನೂ ಬದಲಿಸಿದ ಮೇಲೆ ಈ ಮಾಮೂಲಿ ಸೆಟ್ಟನ್ನು 30,000 ಕಿಲೋಮೀಟರ್ ಓಡಿಸಿದೆ. ಎಂಜಿನ್ ಸದ್ದಿಲ್ಲದೆ ಓಡಿತು, ಒಮ್ಮೆಯೂ ಟ್ಯಾಪೆಟ್ ಹೊಂದಿಸಬೇಕಾಗಲಿಲ್ಲ. ವಾರಗಟ್ಟಲೆ ನಿಲ್ಲಿಸಿ ಹೊರಡಿಸಿದರೆ ಎಣ್ಣೆ ತುಂಬುವವರೆಗೆ ಕೆಲವು ಸೆಕೆಂಡು ಟಿಕ್ ಎನ್ನುತ್ತಿತ್ತು. ಅದಕ್ಕೆ ಹೆದರಬೇಕಿಲ್ಲ. ಬಿಸಿಯಾದ ಮೇಲೂ ನಿಲ್ಲದ ಸದ್ದಿಗೆ ಹೆದರಬೇಕು.

ಆದರೆ 30,000ಕ್ಕೆ ನಾನೇ ಬಿಚ್ಚಿ ನೋಡಿದಾಗ ನಾಲ್ಕು ಲಿಫ್ಟರುಗಳಲ್ಲಿ ಒಂದರ ರೋಲರ್ ತೊಳೆದು ಒಣಗಿಸಿ ತಿರುಗಿಸಿದರೆ ತರಿತರಿಯಾಗಿತ್ತು, ಅಚ್ಚಿನ ಮೇಲೆ ಮೇಲೆ-ಕೆಳಗೆ ಅಲುಗುತ್ತಿತ್ತು. ಎಂಜಿನ್ ಮಾತ್ರ ಒಂದು ಸದ್ದೂ ಮಾಡಿರಲಿಲ್ಲ. ಏಕೆಂದರೆ ರೋಲರ್ ಸವೆದು ಹುಟ್ಟಿದ ಸಡಿಲವನ್ನೂ ಪ್ಲಂಜರ್ ತುಂಬಿಬಿಟ್ಟಿತ್ತು. ಬಿಸಿಯ ಸಡಿಲ ಯಾವುದು, ಸವಕಳಿಯ ಸಡಿಲ ಯಾವುದು ಎಂದು ಹೈಡ್ರಾಲಿಕ್ ಲಿಫ್ಟರಿಗೆ ಗೊತ್ತಾಗುವುದಿಲ್ಲ. ಎರಡನ್ನೂ ನುಂಗುತ್ತದೆ. ಈ ಬಗೆಯ ದೊಡ್ಡ ಕೊರತೆ ಇದೇ, ಮತ್ತು ಇದನ್ನು ಮಾರುವವರು ಯಾರೂ ಹೇಳುವುದಿಲ್ಲ.

ಎರಡನೆಯದು ಚಲನೆಗೆ ಮಿತಿ ಹಾಕಿದ ಹೈಡ್ರಾಲಿಕ್. ಪ್ಲಂಜರಿನ ಕೆಳಗೆ ಒಂದು ಬಿಲ್ಲೆ ಕೂರಿಸಿ ಅದು ಹೆಚ್ಚು ಕುಸಿಯದಂತೆ ಮಾಡಿರುತ್ತಾರೆ. ಗಟ್ಟಿ ಸ್ಪ್ರಿಂಗ್, ಎತ್ತರದ ಕ್ಯಾಮ್ ಹಾಕಿದವರಿಗೆ ಇದರಿಂದ ಲಾಭವಿದೆ. ನನಗೆ ಸಿಕ್ಕ ಲಾಭ ಒಂದೇ: ನಿಂತ ಗಾಡಿ ಹೊರಡಿಸಿದಾಗಿನ ಸದ್ದು ಬಹುತೇಕ ಮಾಯವಾಯಿತು. ಬದಲಿಗೆ ಹೊಂದಿಸುವಾಗ ತಪ್ಪಿಗೆ ಜಾಗವೇ ಉಳಿಯಲಿಲ್ಲ. ಎಂಜಿನ್ ಇನ್ನೂ ಪೂರ್ತಿ ಆರಿರದ ಒಂದು ಸಂಜೆ ಹೊಂದಿಸಿದೆ. ಮರುದಿನ ಚಳಿಯ ಬೆಳಗ್ಗೆ ಹಿಂದಿನ ಸಿಲಿಂಡರ್ ಹೊತ್ತಿಕೊಳ್ಳಲೇ ಇಲ್ಲ. ತಣ್ಣಗಾದ ಸಿಲಿಂಡರ್ ಕುಗ್ಗಿ, ಪ್ಲಂಜರ್ ಬಿಲ್ಲೆಯ ಮೇಲೆ ಕುಳಿತು, ವಾಲ್ವ್ ಕೂದಲೆಳೆಯಷ್ಟು ತೆರೆದೇ ಉಳಿದು ಕಂಪ್ರೆಷನ್ ಸೋರಿಹೋಗಿತ್ತು. ಇಂತಹ ಸ್ಥಿತಿಯಲ್ಲಿ ಹಾಗೆಯೇ ಓಡಿಸಿದರೆ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ದಾಟಿಸುವುದು ಸೀಟಿನ ಮೇಲೆ ಪೂರ್ತಿ ಕುಳಿತಾಗಲೇ. 12,000 ಕಿಲೋಮೀಟರಿಗೆ ತೆಗೆದೆ. ರೋಲರುಗಳು ಚೆನ್ನಾಗಿದ್ದವು, ಅಷ್ಟು ಕಡಿಮೆ ದೂರಕ್ಕೆ ಕೆಡಬಾರದು ಕೂಡ. ಮಾಮೂಲಿ ಸವಾರಿಗೆ ಇದರ ಅಗತ್ಯ ನನಗೆ ಕಾಣಲಿಲ್ಲ.

ಮೂರನೆಯದಾದ ಸಾಲಿಡ್ ಲಿಫ್ಟರನ್ನು ಸದ್ದು ಮತ್ತು ಕೆಲಸ ಎರಡೂ ಹೆಚ್ಚು ಎಂದು ತಿಳಿದೇ ಹಾಕಿದೆ. ಒಳಗೆ ಎಣ್ಣೆಯ ಕೋಣೆಯಿಲ್ಲ. ಕ್ಯಾಮ್ ಹೇಳಿದ್ದನ್ನು ಹಾಗೆಯೇ ವಾಲ್ವಿಗೆ ಮುಟ್ಟಿಸುತ್ತದೆ. ನನ್ನ ಎಂಜಿನ್ನಿನಲ್ಲಿ ಇದನ್ನು ಪೂರ್ತಿ ತಣ್ಣಗಿರುವಾಗ, ಪುಶ್‌ರಾಡ್ ಎರಡು ಬೆರಳಿಗೆ ಸಲೀಸಾಗಿ ತಿರುಗಬೇಕು ಆದರೆ ಮೇಲೆ-ಕೆಳಗೆ ಅಲುಗಬಾರದು ಎಂಬಂತೆ ಹೊಂದಿಸಬೇಕು. ಹಳೆಯ ಎರಕದ ಕಬ್ಬಿಣದ ಬುಲೆಟ್ ಎಂಜಿನ್ನಿನ ಟ್ಯಾಪೆಟ್ ಹೊಂದಿಸಿದವರಿಗೆ ಈ ಬೆರಳಿನ ಲೆಕ್ಕ ಚೆನ್ನಾಗಿ ಗೊತ್ತು. ಬಿಸಿಯಾದಂತೆ ಸಡಿಲ ಹೆಚ್ಚಿ ಹೊಲಿಗೆ ಯಂತ್ರದಂತಹ ಸದ್ದು ಬರುತ್ತದೆ. ಒಂದು ವಾರದಲ್ಲಿ ಕಿವಿ ಒಗ್ಗಿತು.

ಮೊದಲ 1,000 ಕಿಲೋಮೀಟರಿಗೊಮ್ಮೆ, ಆಮೇಲೆ ಪ್ರತಿ 4,000ಕ್ಕೆ ನಾಲ್ಕೂ ಪುಶ್‌ರಾಡುಗಳನ್ನು ತಿರುಗಿಸಿ ನೋಡಿ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಮೂರು ಸಲ ಯಾವುದೂ ಬದಲಾಗಿರಲಿಲ್ಲ. ನಾಲ್ಕನೆಯ ಸಲ, ಸುಮಾರು 13,000ಕ್ಕೆ, ಮುಂದಿನ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಪುಶ್‌ರಾಡ್ ಒಂದೇ ಸಡಿಲವಾಗಿತ್ತು. ಮೂರು ಸುಮ್ಮನಿದ್ದು ಒಂದೇ ಬದಲಾದರೆ ಅಲ್ಲಿ ಏನೋ ಸವೆಯುತ್ತಿದೆ ಎಂದೇ ಅರ್ಥ. ತೆಗೆದು ನೋಡಿದರೆ ಪುಶ್‌ರಾಡಿನ ತಳ್ಳನ್ನು ವಾಲ್ವಿಗೆ ದಾಟಿಸುವ ತೋಳಾದ ರಾಕರಿನ ತುದಿಯಲ್ಲಿ ಸವಕಳಿಯ ಗುಳಿ ಬಿದ್ದಿತ್ತು, ರೋಲರ್ ಗಟ್ಟಿಯಾಗಿಯೇ ಇತ್ತು. ಹೈಡ್ರಾಲಿಕ್ ಇದ್ದಿದ್ದರೆ ಈ ಸುದ್ದಿ ನನಗೆ ತಲುಪುತ್ತಲೇ ಇರಲಿಲ್ಲ. ಅಂದಿನಿಂದ ಸಾಲಿಡ್ ಲಿಫ್ಟರಿನ ಬಗ್ಗೆ ನನಗೆ ಬೇರೆಯೇ ಗೌರವ.

ಆದರೂ ಈಗ ಎಂಜಿನ್ನಿನಲ್ಲಿರುವುದು ಮತ್ತೆ ಮಾಮೂಲಿ ಹೈಡ್ರಾಲಿಕ್ಕೇ. ದಿನಕ್ಕೆ 600 ಕಿಲೋಮೀಟರ್ ಓಡುವ ಪ್ರವಾಸದಲ್ಲಿ, ಎಂಜಿನ್ ಪೂರ್ತಿ ಆರುವವರೆಗೆ ಕಾದು ಪುಶ್‌ರಾಡ್ ಹಿಡಿದು ಕೂರಲು ಆಗುವುದಿಲ್ಲ. ಚಿಕ್ಕ ಓಡಾಟದ, ತಾನೇ ಬಿಚ್ಚಿ ಕಟ್ಟುವ ಸವಾರನಿಗೆ ಸಾಲಿಡ್ ಒಳ್ಳೆಯದು. ಎಂಜಿನ್ನಿಗೆ ಕೈ ಹಾಕದವರಿಗೆ ಅದು ಬೇಡ. ಸಡಿಲವನ್ನು ಯಾರೂ ನೋಡದಿದ್ದರೆ ಸುತ್ತಿಗೆಯಂತೆ ಬಡಿದು ವಾಲ್ವಿನ ತುದಿಯನ್ನೇ ಹಾಳುಮಾಡುತ್ತದೆ.

ಈ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಮಾಡಿದ್ದು ಲಿಫ್ಟರೇ ಅಲ್ಲ, ಉದ್ದ ಬದಲಿಸಬಹುದಾದ ಪುಶ್‌ರಾಡ್. ಒಂದೇ ಅಳತೆಯ ಪುಶ್‌ರಾಡ್ ಇದ್ದಾಗ ಲಿಫ್ಟರ್ ನೋಡಬೇಕೆಂದರೆ ಟ್ಯಾಂಕ್ ಇಳಿಸಿ ರಾಕರ್ ಬಾಕ್ಸ್ ಬಿಚ್ಚಬೇಕಿತ್ತು. ಅಷ್ಟು ಕೆಲಸ ಇದ್ದದ್ದರಿಂದಲೇ ಮೊದಲ 41,000 ಕಿಲೋಮೀಟರ್ ಯಾರೂ ಅದನ್ನು ನೋಡಲಿಲ್ಲ. ಈಗ ಪುಶ್‌ರಾಡ್ ಕುಗ್ಗಿಸಿ, ಅದರ ಕೊಳವೆಯೊಂದಿಗೆ ಹೊರತೆಗೆದು, ಅರ್ಧ ದಿನದಲ್ಲಿ ನಾಲ್ಕೂ ರೋಲರುಗಳನ್ನು ಕೈಯಲ್ಲಿ ಹಿಡಿದು ನೋಡುತ್ತೇನೆ.

ಹೈಡ್ರಾಲಿಕ್ ಲಿಫ್ಟರನ್ನು ಮರಳಿ ಕೂರಿಸುವಾಗ ಅವಸರ ಮಾಡಬೇಡಿ. ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ನನ್ನು ಕಂಪ್ರೆಷನ್ ತುದಿಗೆ ತಂದು, ಸಡಿಲ ಸೊನ್ನೆಯಾಗುವವರೆಗೆ ಪುಶ್‌ರಾಡ್ ಉದ್ದ ಮಾಡಿ, ಆಮೇಲೆ ತಯಾರಕರು ಹೇಳಿದಷ್ಟು ಸುತ್ತು ತಿರುಗಿಸಬೇಕು. ಬೇರೆಯವರು ಹೇಳಿದ ಸುತ್ತಿನ ಲೆಕ್ಕ ನಂಬಬಾರದು. ಪುಶ್‌ರಾಡಿನ ತಿರುಪಿಗೆ ಅಂಗುಲಕ್ಕೆ 32 ಎಳೆ ಇದ್ದರೆ ಒಂದು ಸುತ್ತಿಗೆ 0.79 ಮಿಲಿಮೀಟರ್, 24 ಎಳೆ ಇದ್ದರೆ 1.06 ಮಿಲಿಮೀಟರ್. ತಿರುಗಿಸಿದ ಕೂಡಲೇ ವಾಲ್ವ್ ತೆರೆದಿರುತ್ತದೆ. ಒಳಗಿನ ಎಣ್ಣೆ ಮೆಲ್ಲಗೆ ಸೋರಿ ಪ್ಲಂಜರ್ ಕುಗ್ಗಿ ಪುಶ್‌ರಾಡ್ ಬೆರಳಿಗೆ ತಿರುಗುವವರೆಗೆ ಕಾಯಬೇಕು. ನನಗೆ ಒಮ್ಮೆ ಹತ್ತು ನಿಮಿಷ, ಒಮ್ಮೆ ಮುಕ್ಕಾಲು ಗಂಟೆ ಹಿಡಿದದ್ದುಂಟು. ಅದಕ್ಕೂ ಮುಂಚೆ ಎಂಜಿನ್ ತಿರುಗಿಸಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯಬಹುದು, ಪುಶ್‌ರಾಡ್ ಬಾಗಬಹುದು. ಹಳೆಯ ಲಿಫ್ಟರನ್ನೇ ಮತ್ತೆ ಹಾಕುವುದಾದರೆ ಯಾವುದು ಯಾವ ರಂಧ್ರದ್ದು ಎಂದು ಗುರುತು ಮಾಡಿಡಿ. ರೋಲರನ್ನು ಗಾಳಿಯ ಒತ್ತಡದಿಂದ ಗಿರ್ರನೆ ತಿರುಗಿಸಬೇಡಿ, ಎಣ್ಣೆಯಿಲ್ಲದೆ ಹಾಗೆ ತಿರುಗಿದರೆ ಸೂಜಿಗಳಿಗೆ ಪೆಟ್ಟು.

ಎಣ್ಣೆಯ ವಿಷಯದಲ್ಲಿ ಹೇಳುವುದು ಕಡಿಮೆ. ಕೈಪಿಡಿ ಹೇಳಿದ ದಪ್ಪದ್ದನ್ನೇ ಹಾಕಿ, ಗುರುತಿಗಿಂತ ಹೆಚ್ಚು ತುಂಬಬೇಡಿ. ಹೆಚ್ಚಾದ ಎಣ್ಣೆ ನೊರೆಯೇಳುತ್ತದೆ, ನೊರೆಯ ಗಾಳಿ ಕುಗ್ಗುತ್ತದೆ, ಹೈಡ್ರಾಲಿಕ್ ಲಿಫ್ಟರ್ ಮೆತ್ತಗಾಗುತ್ತದೆ. ಸದ್ದಡಗಿಸುವ ದ್ರವವೊಂದನ್ನು, ಸೂಜಿ ಉದುರಿಸಿದ ಆ ಮೂಲ ಸೆಟ್ಟಿನ ಕಾಲದಲ್ಲಿ, ಎಣ್ಣೆಗೆ ಬೆರೆಸಿದ್ದೆ. ಎರಡು ವಾರ ಸದ್ದು ತಗ್ಗಿತು, ಆ ಎರಡು ವಾರವೂ ರೋಲರ್ ಕ್ಯಾಮನ್ನು ಗೀರುತ್ತಲೇ ಇತ್ತು.

ಸೂಜಿ ಒಮ್ಮೆ ಉದುರಿದರೆ ಲಿಫ್ಟರ್ ಬದಲಿಸಿ ಮುಚ್ಚುವುದು ಸಾಲದು. ಆಯಿಲ್ ಪಂಪ್, ಟ್ಯಾಂಕ್, ಕೊಳವೆಗಳು, ಕೂಲರ್ ಎಲ್ಲವನ್ನೂ ಬಿಚ್ಚಿ ತೊಳೆಯಲೇಬೇಕು. ನನಗೆ ಮೂರು ದಿನ ಹಿಡಿಯಿತು. ಮೂರನೆಯ ದಿನ ಕೂಲರಿನಿಂದ ಇನ್ನೊಂದು ಕಡ್ಡಿ ಹೊರಬಿತ್ತು. ಅದು ಒಳಗೇ ಉಳಿದಿದ್ದರೆ ಹೊಸ ಕ್ಯಾಮ್‌ ಬಳಿಗೆ ಹೋಗುತ್ತಿತ್ತು.

3,000 ಆರ್‌ಪಿಎಂನಲ್ಲಿ ಓಡುವ ಎಂಜಿನ್ನಿನಲ್ಲಿ ಕ್ಯಾಮ್ ಅರ್ಧ ವೇಗದಲ್ಲಿ ತಿರುಗುತ್ತದೆ, ಪ್ರತಿ ಲಿಫ್ಟರ್ ಗಂಟೆಗೆ 90,000 ಸಲ ಏಳುತ್ತದೆ. ಈಗಿನ ಸೆಟ್ಟಿಗೆ 9,000 ಕಿಲೋಮೀಟರ್ ಆಗಿದೆ. ಪ್ರತಿ ಎಣ್ಣೆ ಬದಲಾವಣೆಗೆ ಅಯಸ್ಕಾಂತ ಒರೆಸಿ ಬಿಳಿ ಬಟ್ಟೆಯ ಮೇಲೆ ನೋಡುತ್ತೇನೆ, ಫಿಲ್ಟರ್ ಕತ್ತರಿಸುತ್ತೇನೆ. ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಸರಿ, ಹೊಳೆಯುವ ಕಣ ಒಂದೇ ಕಂಡರೂ ಅಂದೇ ಪುಶ್‌ರಾಡ್ ಹೊರಗೆ. ಏನೂ ಕಾಣದಿದ್ದರೂ 20,000ಕ್ಕೆ ನಾಲ್ಕನ್ನೂ ತೆಗೆದು ನೋಡುವುದೆಂದು ಟ್ಯಾಂಕಿನ ಕೆಳಗೆ ಚೀಟಿ ಅಂಟಿಸಿದ್ದೇನೆ.