ಆ ಟ್ಯೂಬಿನ ಮೇಲೆ ನನ್ನ ಹೆಸರು ಇರಲಿಲ್ಲ

ಮುಖಕ್ಕೆ ಪಿಆರ್‌ಪಿ (ನಮ್ಮದೇ ರಕ್ತದ ಒಂದು ಭಾಗವನ್ನು ಚರ್ಮಕ್ಕೆ ಹಾಕುವ ಚಿಕಿತ್ಸೆ) ಮಾಡಿಸಿಕೊಳ್ಳಲು ಎಲ್ಲಾದರೂ ಅಡ್ವಾನ್ಸ್ ಕಟ್ಟಿದ್ದೀರಾ? ಕಟ್ಟುವ ಯೋಚನೆ ಇದೆಯಾ? ಹೋಗುವ ಮೊದಲು ದಯವಿಟ್ಟು ಇದನ್ನು ಓದಿ. ಆರು ತಿಂಗಳು ನಾನು ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ. ಅಂಥ ಆರು ತಿಂಗಳು ಬೇರೆ ಯಾರಿಗೂ ಬೇಡ.

ಮೈಸೂರಿನಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ವಯಸ್ಸು 43. ಎರಡನೇ ಹೆರಿಗೆ ಆದ ಮೇಲೆ ಎರಡೂ ಕೆನ್ನೆ ಮೇಲೆ ಬಂಗು ಬಂತು. ಬಂದದ್ದು ಹೋಗಲೇ ಇಲ್ಲ. ದಿನವಿಡೀ ದೊಡ್ಡ ಕನ್ನಡಿಯ ಮುಂದೆ ನಿಂತು ಬೇರೆಯವರ ಅಳತೆ ತೆಗೆಯುವವಳು ನಾನು. ಅದು ಕಣ್ಣಿಗೆ ಬೀಳದ ದಿನವೇ ಇಲ್ಲ. ಕಡಲೆಹಿಟ್ಟು, ಅರಿಶಿನ, ಮೆಡಿಕಲ್ ಶಾಪಿನವರು ಕೊಟ್ಟ ಕ್ರೀಮು, ಎಲ್ಲ ಆಯಿತು. ಅಷ್ಟರಲ್ಲಿ ಅಕ್ಕನ ದೊಡ್ಡ ಮಗಳ ಮದುವೆ ಗೊತ್ತಾಯಿತು. ಫೋಟೋದಲ್ಲಾದರೂ ಮುಖ ಚೆನ್ನಾಗಿ ಕಾಣಲಿ ಅನ್ನುವ ಆಸೆ. ಆ ಆಸೆ ತಪ್ಪು ಅಂತ ಈಗಲೂ ನನಗೆ ಅನಿಸುವುದಿಲ್ಲ.

ಅಂಗಡಿಗೆ ಬರುವ ಒಬ್ಬರು ಹೇಳಿದರು. ಹೊಸದಾಗಿ ತೆರೆದ ಸ್ಕಿನ್ ಕ್ಲಿನಿಕ್, ಆಫರ್ ನಡೀತಿದೆ, ಮೂರು ಸಿಟ್ಟಿಂಗಿಗೆ 10,500 ರೂಪಾಯಿ ಅಂತ. ಬೇರೆ ಕಡೆ ಒಂದು ಸಿಟ್ಟಿಂಗಿಗೇ ಹೆಚ್ಚುಕಮ್ಮಿ ಅಷ್ಟು ಕೇಳಿದ್ದರು. ಫೋನ್ ಮಾಡಿದೆ. "ನಿಮ್ಮದೇ ರಕ್ತ ಮೇಡಂ, ಹೊರಗಿನದು ಏನೂ ಇಲ್ಲ, ಸೈಡ್ ಎಫೆಕ್ಟ್ ಬರೋಕೆ ಚಾನ್ಸೇ ಇಲ್ಲ" ಅಂದರು. ಆ ಮಾತು ನನಗೆ ಬಹಳ ಹಿಡಿಸಿತು. ನಮ್ಮದೇ ರಕ್ತ, ನಮ್ಮದೇ ಮುಖ, ಭಯ ಯಾಕೆ ಅಲ್ವಾ?

ಫೆಬ್ರವರಿಯ ಒಂದು ಶನಿವಾರ ಹೋದೆ. ಎಸಿ, ಲೈಟು, ಹಸಿರು ಗಿಡಗಳು, ಎಲ್ಲ ಚೆನ್ನಾಗಿತ್ತು. ಬಿಳಿ ಕೋಟು ಹಾಕಿದ್ದ ಹುಡುಗಿಯೊಬ್ಬಳು ಮುಖ ತೊಳೆದು ಮರಗಟ್ಟಿಸುವ ಕ್ರೀಮು ಹಚ್ಚಿದಳು. ಡಾಕ್ಟರ್ ಎಲ್ಲಿ ಅಂತ ಕೇಳಿದೆ. "ಬರ್ತಾರೆ ಮೇಡಂ, ಇದೆಲ್ಲ ನಾವೇ ಮಾಡೋದು" ಅಂದಳು. ಡಾಕ್ಟರ್ ಬರಲೇ ಇಲ್ಲ. ಪಕ್ಕದ ಕುರ್ಚಿಯಲ್ಲಿ ಹಸಿರು ಚೂಡಿದಾರ್ ಹಾಕಿದ್ದ ಇನ್ನೊಬ್ಬರು ಕೂತಿದ್ದರು. ಅವರಿಗೂ ಅದೇ ಟ್ರೀಟ್ಮೆಂಟ್. ಅವರ ದುಪಟ್ಟಾದ ಅಂಚಿನ ಕೆಲಸ ನೋಡಿ ನಾನೇ ಮಾತಾಡಿಸಿದೆ. ಇಬ್ಬರೂ ನಕ್ಕೆವು.

ಇಬ್ಬರ ಕೈಯಿಂದಲೂ ರಕ್ತ ತೆಗೆದರು. ನನ್ನದು ಎರಡು ಟ್ಯೂಬು, ಅವರದು ಎರಡು ಟ್ಯೂಬು. ನಾಲ್ಕನ್ನೂ ಒಂದೇ ಸ್ಟ್ಯಾಂಡಿನಲ್ಲಿ ಇಟ್ಟು ಒಳಗಿನ ರೂಮಿಗೆ ತೆಗೆದುಕೊಂಡು ಹೋದರು. ಬಾಗಿಲು ಹಾಕಿಕೊಂಡರು. ಮಿಷಿನ್ ತಿರುಗುವ ಸದ್ದು ಮಾತ್ರ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಸಿರಿಂಜಿನಲ್ಲಿ ತಿಳಿ ಹಳದಿ ನೀರಿನಂಥದ್ದು ಬಂತು. ಸ್ಟೀಲ್ ತಟ್ಟೆಯಿಂದ ಸಣ್ಣ ಸೂಜಿಗಳಿರುವ ರೋಲರ್ ತೆಗೆದು ಕೆನ್ನೆ ಮೇಲೆ ಉರುಳಿಸಿದಳು. ಸಣ್ಣಗೆ ರಕ್ತ ಜಿನುಗಿದ ಜಾಗಕ್ಕೆಲ್ಲ ಆ ಹಳದಿ ದ್ರವ ಸವರಿದಳು. ರೋಲರ್ ಹೊಸದಾ ಅಂತ ಕೇಳಿದೆ. "ಸ್ಪಿರಿಟ್‌ನಲ್ಲಿ ಕ್ಲೀನ್ ಮಾಡಿದ್ದೀವಿ ಮೇಡಂ" ಅಂದಳು. ಆ ಉತ್ತರ ಕೇಳಿದ ತಕ್ಷಣ ನಾನು ಎದ್ದು ಬರಬೇಕಿತ್ತು. ಮುಖವೆಲ್ಲ ಮರಗಟ್ಟಿತ್ತು, ದುಡ್ಡು ಕಟ್ಟಿದ್ದೆ, ಎದ್ದು ಬರಲು ಸಂಕೋಚವಾಯಿತು.

ಐದನೇ ದಿನ ಅಕ್ಕನ ಚಿಕ್ಕ ಮಗಳು ಬ್ಲೌಸ್ ಅಳತೆ ಕೊಡಲು ಬಂದಳು. ಅವಳು ಲ್ಯಾಬ್ ಟೆಕ್ನಿಷಿಯನ್. ನನ್ನ ಮುಖ ಇನ್ನೂ ಕೆಂಪಗೆ, ಉರಿಯುತ್ತಾ ಇತ್ತು. ಏನಾಯ್ತು ಅಂತ ಕೇಳಿದಳು, ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆಯೇ ಇದು: "ಟ್ಯೂಬ್ ಮೇಲೆ ನಿಮ್ಮ ಹೆಸರು ಬರೆದಿದ್ರಾ ಚಿಕ್ಕಮ್ಮ?"

ನಾನು ಎಷ್ಟು ನೆನಪಿಸಿಕೊಂಡರೂ ಆ ಟ್ಯೂಬುಗಳ ಮೇಲೆ ಏನೂ ಇರಲಿಲ್ಲ. ಚೀಟಿ ಇಲ್ಲ, ನಂಬರ್ ಇಲ್ಲ, ಪೆನ್ನಿನ ಒಂದು ಗೆರೆಯೂ ಇಲ್ಲ. ನನ್ನ ಅಂಗಡಿಯಲ್ಲಿ ನೂರು ರೂಪಾಯಿಯ ಬ್ಲೌಸ್ ಪೀಸಿಗೂ ಹೆಸರಿನ ಚೀಟಿ ಪಿನ್ ಮಾಡಿಯೇ ಒಳಗಿಡುತ್ತೇನೆ. ಒಂದೇ ಬಣ್ಣದ ಎರಡು ಪೀಸು ಬಂದರೆ ಅದಲುಬದಲು ಆಗಿಯೇ ಆಗುತ್ತದೆ ಅಂತ ನನಗೆ ಗೊತ್ತು. ರಕ್ತದ ಬಣ್ಣ ಎಲ್ಲರದೂ ಒಂದೇ.

ಮುಚ್ಚಳದ ಬಣ್ಣ ಯಾವುದು ಅಂತ ಕೇಳಿದಳು. ನೇರಳೆ ಅಂದೆ. ಅವಳ ಮುಖ ಇನ್ನೂ ಸಣ್ಣದಾಯಿತು. ನೇರಳೆ ಮುಚ್ಚಳದ ಟ್ಯೂಬು ರಕ್ತಕಣ ಎಣಿಸುವ ಸಿಬಿಸಿಯಂಥ ಪರೀಕ್ಷೆಗೆ ಅಂತೆ. ಅದರೊಳಗಿನ ಇಡಿಟಿಎ ಅನ್ನುವ ರಾಸಾಯನಿಕ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಆದರೆ ಆ ಟ್ಯೂಬು ಪರೀಕ್ಷೆ ಮಾಡಿ ಎಸೆಯುವ ರಕ್ತಕ್ಕೆ, ವಾಪಸ್ ಮೈಗೆ ಹಾಕುವ ರಕ್ತಕ್ಕಲ್ಲ. ಪಿಆರ್‌ಪಿಗೆ ಬೇರೆಯೇ ಸ್ಟೆರೈಲ್ ಕಿಟ್ ಬರುತ್ತದೆ, ಅದಕ್ಕೆ ದುಡ್ಡು ಜಾಸ್ತಿ. ಆಫರ್ ಹೇಗೆ ಬಂತು ಅಂತ ನನಗೆ ಆಗ ಅರ್ಥವಾಯಿತು.

ಅವಳೇ ಕೂರಿಸಿಕೊಂಡು ವಿವರಿಸಿದಳು. ರಕ್ತವನ್ನು ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿದರೆ ಭಾರದ ಕೆಂಪು ಕಣಗಳು ತಳಕ್ಕೆ ಹೋಗುತ್ತವೆ. ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಪ್ಲೇಟ್ಲೆಟ್ ಜಾಸ್ತಿ ಇರುವ ಭಾಗವನ್ನು ಮಾತ್ರ ಎಳೆದುಕೊಳ್ಳುತ್ತಾರೆ. ನಮ್ಮ ರಕ್ತದಲ್ಲಿ ಒಂದು ಮೈಕ್ರೋಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್ಲೆಟ್ ಇರುತ್ತವೆ. ಪಿಆರ್‌ಪಿಯಲ್ಲಿ ಅದು ಹತ್ತು ಲಕ್ಷದ ಹತ್ತಿರ ಇರಬೇಕು ಅನ್ನುತ್ತಾರೆ. ಗಾಯ ಮಾಗಲು ಪ್ಲೇಟ್ಲೆಟ್ ಬಿಡುವ ಅಂಶಗಳು ಚರ್ಮಕ್ಕೂ ಹೊಸ ಕಳೆ ಕೊಡಬಹುದು ಅನ್ನುವುದು ಇದರ ಲೆಕ್ಕ. ಮೂಳೆ, ಕೀಲು, ಹಲ್ಲು, ಕೂದಲಿಗೂ ಇದನ್ನು ಬಳಸುತ್ತಾರೆ. ಸರಿಯಾದ ಡಾಕ್ಟರ ಹತ್ತಿರ ಮಾಡಿಸಿ ಚೆನ್ನಾಗಿರುವವರೂ ಇದ್ದಾರೆ. ಚಿಕಿತ್ಸೆಯೇ ಮೋಸ ಅಂತ ನಾನು ಹೇಳುತ್ತಿಲ್ಲ. ಆದರೆ "ನಿಮ್ಮದೇ ರಕ್ತ" ಅನ್ನುವ ಭರವಸೆ ನಿಂತಿರುವುದು ಒಂದು ಹೆಸರಿನ ಚೀಟಿಯ ಮೇಲೆ, ಒಂದು ಹೊಸ ಸೂಜಿಯ ಮೇಲೆ. ಅವೆರಡೂ ಇಲ್ಲದಿದ್ದರೆ ಅದು ಯಾರ ರಕ್ತವೂ ಆಗಿರಬಹುದು.

ಆಮೇಲೆ ಅವಳು ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಬೇರೆಯವರ ರಕ್ತ ತಾಗಿರಬಹುದು ಅಂತ ಅನುಮಾನ ಬಂದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಬೇಕು, ಎಚ್‌ಐವಿ ತಡೆಯುವ ಮಾತ್ರೆ 28 ದಿನ ಕೊಡುತ್ತಾರೆ. ನನಗೆ ಐದು ದಿನ ಆಗಿಹೋಗಿತ್ತು.

ಆ ರಾತ್ರಿ ನಮ್ಮ ಯಜಮಾನರಿಗೆ ಹೇಳಲು ನನಗೆ ಎರಡು ಗಂಟೆ ಬೇಕಾಯಿತು. ಅವರು ಬೈಯಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿಸಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ (ಸಲಹೆ ಮತ್ತು ಪರೀಕ್ಷಾ ಕೇಂದ್ರ) ಕರೆದುಕೊಂಡು ಹೋದರು. ಅಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಕೌನ್ಸೆಲರ್ ಒಬ್ಬರು ಬೇರೆ ರೂಮಿನಲ್ಲಿ ಕೂರಿಸಿ ನಿಧಾನವಾಗಿ ಮಾತಾಡಿದರು. ನಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶ ಬೇರೆಯವರಿಗೆ ಹೇಳುವ ಹಾಗಿಲ್ಲ, ಅದಕ್ಕೆ 2017ರ ಕಾನೂನೇ ಇದೆ. ಯಾರಾದರೂ ನೋಡುತ್ತಾರೆ ಅನ್ನುವ ನಾಚಿಕೆಯಿಂದ ಹೋಗದೆ ಇರಬೇಡಿ. ನಾನೂ ಸೆರಗು ಎಳೆದುಕೊಂಡೇ ಹೋಗಿದ್ದೆ. ಅಲ್ಲಿ ಯಾರೂ ನನ್ನನ್ನು ಕೀಳಾಗಿ ನೋಡಲಿಲ್ಲ.

ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆಯನ್ನೂ ಮಾಡಿಸಿದೆ. ಎಲ್ಲ ನೆಗೆಟಿವ್. ಆದರೆ ಅದು ಆ ದಿನದ ಮಾತು ಅಷ್ಟೇ. ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಕಾಣಲು ವಾರಗಟ್ಟಲೆ ಬೇಕು. ಆರು ವಾರಕ್ಕೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ ಬನ್ನಿ ಅಂದರು. ಅಲ್ಲಿಯವರೆಗೆ ಗಂಡ ಹೆಂಡತಿ ಕಾಂಡೋಮ್ ಬಳಸಬೇಕು, ರಕ್ತದಾನ ಮಾಡಬಾರದು. ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿದರು. ಮದುವೆ ಮನೆಯಲ್ಲಿ ಎಲ್ಲರೂ ಊಟ ಮಾಡುತ್ತಿದ್ದಾಗ ನಾನು ಎರಡನೇ ರಿಪೋರ್ಟ್ ಏನು ಬರುತ್ತದೋ ಅಂತ ಯೋಚಿಸುತ್ತಾ ಕೂತಿದ್ದೆ. ಸೂಜಿ ಚುಚ್ಚಿ ಬೆರಳಲ್ಲಿ ಒಂದು ಹನಿ ರಕ್ತ ಬಂದರೂ ಮಗಳನ್ನು ಹತ್ತಿರ ಬಿಡುತ್ತಿರಲಿಲ್ಲ.

ಇದು ಸುಮ್ನೆ ಭಯ ಅಂತ ಕೆಲವರು ಹೇಳಿದರು. ಸುಮ್ನೆ ಅಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಊರಿನ ಒಂದು ಸ್ಪಾದಲ್ಲಿ ಇದೇ ಫೇಶಿಯಲ್ ಮಾಡುತ್ತಿದ್ದರು. ಅಲ್ಲಿ ಇದನ್ನು ವ್ಯಾಂಪೈರ್ ಫೇಶಿಯಲ್ ಅನ್ನುತ್ತಾರೆ. 2013ರಲ್ಲಿ ಕಿಮ್ ಕಾರ್ಡಾಶಿಯನ್ ರಕ್ತ ಮೆತ್ತಿದ ಮುಖದ ಫೋಟೋ ಹಾಕಿದ ಮೇಲೆ ಆ ಹೆಸರು ಎಲ್ಲ ಕಡೆ ಹಬ್ಬಿತು. 2018ರಲ್ಲಿ ಆ ಸ್ಪಾಗೆ ಹೋಗಿದ್ದ ಮಹಿಳೆಯೊಬ್ಬರಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಬೇರೆ ದಾರಿಯಿಂದ ಬಂದಿರಬಹುದು ಅನ್ನಲು ಯಾವ ಕಾರಣವೂ ಅವರಲ್ಲಿ ಸಿಗಲಿಲ್ಲ. ಅಧಿಕಾರಿಗಳು ಹೋಗಿ ನೋಡಿದರೆ, ಹೆಸರಿಲ್ಲದ ರಕ್ತದ ಟ್ಯೂಬುಗಳು ಅಡುಗೆ ಕಟ್ಟೆಯ ಮೇಲೆ ಇದ್ದವು. ಫ್ರಿಜ್ಜಿನಲ್ಲಿ ಊಟದ ಜೊತೆಗೂ ಇದ್ದವು. ಹೆಸರಿಲ್ಲದ ಟ್ಯೂಬು! ಇದನ್ನು ಓದಿದಾಗ ನನ್ನ ಕೈ ನಡುಗಿತು. ಆ ಸ್ಪಾದಿಂದ ಮೂವರು ಮಹಿಳೆಯರಿಗೆ ಎಚ್‌ಐವಿ ತಗುಲಿರಬೇಕು ಅಂತ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಏಪ್ರಿಲ್‌ನಲ್ಲಿ ವರದಿ ಮಾಡಿತು. ಸೋಂಕಿನ ಮೂಲ ಯಾರು ಅಂತ ಆ ವರದಿಗೂ ಗೊತ್ತಾಗಿಲ್ಲ. ಮಾಲೀಕರಿಗೆ ವೈದ್ಯಕೀಯ ಲೈಸೆನ್ಸೇ ಇರಲಿಲ್ಲ. ಅವರಿಗೆ ಮೂರೂವರೆ ವರ್ಷ ಜೈಲಾಯಿತು.

ಬಂಗು ಏನಾಯಿತು ಅಂತ ಕೇಳಬಹುದು. ಮೊದಲಿಗಿಂತ ಕಪ್ಪಾಯಿತು. ನಮ್ಮಂಥ ಕಂದು ಚರ್ಮಕ್ಕೆ ಗಾಯವಾದರೆ ಕಲೆ ನಿಲ್ಲುವುದು ಸಾಮಾನ್ಯ ಅಂತ ಆಮೇಲೆ ನಾನು ತೋರಿಸಿಕೊಂಡ ಚರ್ಮದ ಡಾಕ್ಟರ್ ಹೇಳಿದರು. ಕ್ಲಿನಿಕ್‌ನವರು ಲೇಬಲ್ ಇಲ್ಲದ ಸಣ್ಣ ಡಬ್ಬಿಯಲ್ಲಿ ಒಂದು ಕ್ರೀಮು ಕೊಟ್ಟಿದ್ದರು. ಒಂದು ವಾರ ಮುಖ ಬೆಳ್ಳಗಾಗಿ ಫಳಫಳ ಅಂದಿತು, ಬಿಟ್ಟ ಮೇಲೆ ಮೊಡವೆ, ಉರಿ. ಸ್ಟೆರಾಯ್ಡ್ ಇದ್ದಿರಬೇಕು ಅಂದರು ಡಾಕ್ಟರ್. ಅವರು ಬರೆದುಕೊಟ್ಟದ್ದರಲ್ಲಿ ಮುಖ್ಯವಾದದ್ದು ದಿನಾ ಹಚ್ಚುವ ಸನ್‌ಸ್ಕ್ರೀನ್. ಬಂಗಿಗೆ ಬಿಸಿಲೇ ದೊಡ್ಡ ಶತ್ರು ಅಂತೆ. ಈಗ ನಿಧಾನವಾಗಿ ತಿಳಿಯಾಗುತ್ತಿದೆ.

ನೀವು ಹೋಗುವುದೇ ಆದರೆ, ಮೊದಲು ಡಾಕ್ಟರ ಹೆಸರು ಕೇಳಿ. ಚರ್ಮರೋಗದ ಎಂಡಿ ಡಿವಿಎಲ್ ಅಥವಾ ಡಿಡಿವಿಎಲ್ ಓದಿದವರಾ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು ಅಂತ ಕೇಳಿ. ಕೆಪಿಎಂಇ, ಅಂದರೆ ಖಾಸಗಿ ಕ್ಲಿನಿಕ್ ನೋಂದಣಿಯ ಸರ್ಟಿಫಿಕೇಟ್ ಗೋಡೆ ಮೇಲೆ ಇರಬೇಕು. ನಾನು ಹೋದ ಕಡೆ ಬ್ಯೂಟಿಷಿಯನ್ ಕೋರ್ಸಿನ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿದ್ದರು, ಅದನ್ನೇ ನೋಡಿ ಸುಮ್ಮನಾಗಿದ್ದೆ. ರಕ್ತ ತೆಗೆಯುವ ಮೊದಲೇ ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆಸಿ, ನೀವೇ ಓದಿ ನೋಡಿ. ಸೆಂಟ್ರಿಫ್ಯೂಜ್ ನಿಮ್ಮ ಕಣ್ಣೆದುರು ಇರಲಿ, ಆ ಹೊತ್ತಿಗೆ ಅದರಲ್ಲಿ ಬೇರೆಯವರ ಟ್ಯೂಬು ಬೇಡ. ಸೂಜಿಯ ಪ್ಯಾಕೆಟ್ ನಿಮ್ಮ ಮುಂದೆಯೇ ಹರಿಯಬೇಕು, ಕೆಲಸ ಆದ ಮೇಲೆ ಸೂಜಿ ಬಿಳಿ ಗಟ್ಟಿ ಡಬ್ಬಿಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಪ್ಲೇಟ್ಲೆಟ್ ಕಡಿಮೆ ಇದ್ದರೆ, ಗರ್ಭಿಣಿ ಆಗಿದ್ದರೆ ಮೊದಲೇ ಹೇಳಿ. ನನ್ನನ್ನು ಇದರಲ್ಲಿ ಒಂದನ್ನೂ ಕೇಳಲಿಲ್ಲ. ಕಣ್ಣಿನ ಸುತ್ತ ಇಂಜೆಕ್ಷನ್ ಹಾಕುತ್ತೇವೆ ಅಂದರೆ ಇನ್ನೂ ಹುಷಾರು. ಹಾಗೆ ಹಾಕಿಸಿಕೊಂಡು ದೃಷ್ಟಿ ಕಳೆದುಕೊಂಡವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಈಗಾಗಲೇ ಮಾಡಿಸಿ ಅನುಮಾನ ಇದ್ದರೆ ಕಾಯಬೇಡಿ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ. ನಾನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಟ್ಟಿದ್ದೇನೆ. ಬಿಲ್ಲು ಕೇಳಿ ಇಟ್ಟುಕೊಂಡಿದ್ದು ಒಳ್ಳೆಯದಾಯಿತು.

ಕಳೆದ ವಾರ ನನ್ನ ಆರು ತಿಂಗಳ ರಿಪೋರ್ಟ್ ಬಂತು. ಎಲ್ಲ ನೆಗೆಟಿವ್. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ನೆನಪಾದದ್ದು ಪಕ್ಕದ ಕುರ್ಚಿಯವರು. ಮಾರ್ಚಿನಲ್ಲೇ ಕ್ಲಿನಿಕ್ಕಿಗೆ ಹೋಗಿ ಅವರ ನಂಬರ್ ಕೇಳಿದ್ದೆ, ಕೊಡಲಿಲ್ಲ. ನೀವೇ ಅವರಿಗೆ ತಿಳಿಸಿ ಅಂದೆ, ತಿಳಿಸಿದಂತೆ ಕಾಣಲಿಲ್ಲ.

ಫೆಬ್ರವರಿಯ ಆ ಶನಿವಾರ ಹಸಿರು ಚೂಡಿದಾರ್ ಹಾಕಿಕೊಂಡು ಬಂದಿದ್ದ ಅಕ್ಕ, ದುಪಟ್ಟಾದ ಅಂಚಿಗೆ ಬಿಳಿ ದಾರದ ಕಸೂತಿ ಇತ್ತು, ನಿಮ್ಮ ಹೆಸರು ಕೇಳಿಕೊಳ್ಳಲಿಲ್ಲ. ಇದು ನಿಮಗೆ ಸಿಕ್ಕರೆ, ನನ್ನ ರಕ್ತದಿಂದ ನಿಮಗೆ ಏನೂ ಆಗಿರುವುದಿಲ್ಲ, ಆ ಭಯ ಬೇಡ. ಆದರೆ ಆ ತಟ್ಟೆಯಲ್ಲಿದ್ದ ರೋಲರ್ ಅದಕ್ಕೂ ಮೊದಲು ಯಾರ ಮುಖದ ಮೇಲೆ ಉರುಳಿತ್ತು ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ. ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಒಬ್ಬರೇ ಹೋಗಲು ಕಷ್ಟವಾದರೆ ನಾನು ಜೊತೆಗೆ ಬರುತ್ತೇನೆ.